ಬಾಯ್ಲರ್ ಬಿಸಿ, ರೇಡಿಯೇಟರ್ ತಣ್ಣಗೆ: ಪೆಲೆಟ್ ಬಾಯ್ಲರಿನ ಪಂಪು ರಿಪೇರಿ, ನನ್ನ ಅನುಭವ

ನೆಲಮಾಳಿಗೆಯ ಬಾಯ್ಲರ್ 75 ಡಿಗ್ರಿ ತೋರಿಸುತ್ತಿದೆ, ಬಿಸಿನೀರು ಕೂಡಿಡುವ ಬಫರ್ ಟ್ಯಾಂಕಿನ ಮೇಲ್ಭಾಗ 70 ಡಿಗ್ರಿ ಇದೆ, ಆದರೆ ಮನೆಯ ಕೋಣೆಗಳನ್ನು ಬೆಚ್ಚಗಿಡುವ ರೇಡಿಯೇಟರ್‌ಗಳೆಲ್ಲ ತಣ್ಣಗೆ. ಜರ್ಮನಿಯ ಬವೇರಿಯಾದ ನಮ್ಮ ಮನೆಯಲ್ಲಿ ಮರದ ಹೊಟ್ಟಿನ ಗುಳಿಗೆ ಉರಿಸುವ 15 ಕಿಲೋವ್ಯಾಟಿನ ಪೆಲೆಟ್ ಬಾಯ್ಲರ್, 800 ಲೀಟರ್ ಬಫರ್, ಎರಡು ಅಂತಸ್ತಿಗೆ ರೇಡಿಯೇಟರ್‌ಗಳಿವೆ. ಅಕ್ಟೋಬರಿನ ಮೊದಲ ಚಳಿಗೆ ಹೀಟಿಂಗ್ ಶುರುಮಾಡಿದಾಗ ಕಂಡದ್ದು ಈ ತೊಂದರೆ. ಕಾರಣ ಪಂಪೇ ಆಗಿತ್ತು. ಆದರೆ ಪಂಪು ಕೆಡಲು ಕಾರಣವಾದದ್ದು ಮೂರು ಮೀಟರ್ ಆಚೆ ಗೋಡೆಗೆ ತೂಗುಹಾಕಿದ್ದ ಕೆಂಪು ಡಬ್ಬಿ.

ಇಂಥ ಮನೆಗಳಲ್ಲಿ ಪಂಪು ಒಂದಲ್ಲ, ಕನಿಷ್ಠ ಎರಡು. ಒಂದು ಬಾಯ್ಲರಿನಿಂದ ಬಫರಿಗೆ ನೀರು ಓಡಿಸುತ್ತದೆ, ಇನ್ನೊಂದು ಬಫರಿನಿಂದ ರೇಡಿಯೇಟರ್‌ಗಳಿಗೆ. ಮೊದಲನೆಯದು ನಿಂತರೆ ಬಾಯ್ಲರ್ ಕಾದು, ಸುಮಾರು 95 ಡಿಗ್ರಿಗೆ ಸುರಕ್ಷಾ ಥರ್ಮೋಸ್ಟಾಟ್ ಬಿದ್ದು ಬೆಂಕಿ ನಿಲ್ಲುತ್ತದೆ. ಬಫರ್ ತಣ್ಣಗೇ ಉಳಿಯುತ್ತದೆ. ಎರಡನೆಯದು ನಿಂತರೆ ಬಾಯ್ಲರ್, ಬಫರ್ ಎರಡೂ ಬಿಸಿ, ಕೋಣೆಗಳು ಮಾತ್ರ ತಣ್ಣಗೆ. ಡಿಸ್‌ಪ್ಲೇಯಲ್ಲಿ ಈ ಎರಡು ಉಷ್ಣತೆಗಳನ್ನು ನೋಡಿದರೆ ಯಾವ ಪಂಪಿನ ಕಡೆ ಕೈ ಹಾಕಬೇಕೆಂಬುದು ಒಂದೇ ನಿಮಿಷದಲ್ಲಿ ಗೊತ್ತಾಗುತ್ತದೆ.

ಕೆಲಸಕ್ಕಿಳಿಯುವ ಮುಂಚೆ ಬಾಯ್ಲರನ್ನು ಅದರ ಮೆನುವಿನಿಂದಲೇ ನಿಲ್ಲಿಸಬೇಕು, ಮೇನ್ ಸ್ವಿಚ್ಚಿನಿಂದಲ್ಲ. ಒಲೆಯಲ್ಲಿ ಇನ್ನೂ ಕೆಂಡ ಇರುತ್ತದೆ. ಅದು ಆರುವವರೆಗೆ ಫ್ಯಾನ್ ಮತ್ತು ಬಾಯ್ಲರ್ ಪಂಪು ಓಡಿ ಶಾಖವನ್ನು ಬಫರಿಗೆ ಸಾಗಿಸಬೇಕು. ಕರೆಂಟು ಕಿತ್ತರೆ ಆ ಶಾಖಕ್ಕೆ ಹೋಗಲು ದಾರಿಯಿಲ್ಲ. ಬೆಂಕಿ ಪೂರ್ತಿ ಆರಿದ ಮೇಲೆ ಬ್ರೇಕರ್ ಇಳಿಸಿ, ಪಂಪಿನ ಎರಡೂ ಬದಿಯ ಬಾಲ್ ವಾಲ್ವ್ ಮುಚ್ಚಿ, ಪಂಪು 40 ಡಿಗ್ರಿಗಿಂತ ಕೆಳಗಿಳಿಯುವ ತನಕ ಕಾಯಿರಿ. ಪಂಪಿನ ಹೊಟ್ಟೆಯಲ್ಲಿ ಉಳಿದ ಒಂದು ಲೋಟ ನೀರು 70 ಡಿಗ್ರಿಯದಾಗಿದ್ದರೆ ಕೈ ಸುಡಲು ಅಷ್ಟೇ ಸಾಕು. ಕರೆಂಟಿನ ಕೆಲಸ ಗೊತ್ತಿಲ್ಲದವರು ವೈರಿಂಗಿನ ಭಾಗವನ್ನು ಎಲೆಕ್ಟ್ರಿಷಿಯನ್‌ಗೇ ಬಿಡಬೇಕು.

ಬ್ರೇಕರ್ ಇಳಿಸಿ ಸ್ಪ್ಯಾನರ್ ಹಿಡಿಯುವ ಮೊದಲೇ, ಹೀಟಿಂಗನ್ನು ನಡೆಸುವ ಕಂಟ್ರೋಲರ್ ಪಂಪನ್ನು ಓಡು ಎಂದು ಹೇಳುತ್ತಿದೆಯೇ ಎಂದು ನೋಡಿ. ಹೊರಗಿನ ಉಷ್ಣತೆ ಅಳೆಯುವ ಸೆನ್ಸರ್ ಕೆಟ್ಟು 25 ಡಿಗ್ರಿ ಎಂದು ಹೇಳಿದರೆ ಕಂಟ್ರೋಲರ್ ಇನ್ನೂ ಬೇಸಿಗೆ ಎಂದುಕೊಂಡು ಸುಮ್ಮನಿರುತ್ತದೆ. ಉಷ್ಣತೆ ಏರಿದಂತೆ ವಿದ್ಯುತ್ ತಡೆ ಏರುವ ಪಿಟಿ1000 ಬಗೆಯ ಸೆನ್ಸರ್ ಆದರೆ 0 ಡಿಗ್ರಿಯಲ್ಲಿ 1000 ಓಮ್, 10 ಡಿಗ್ರಿಯಲ್ಲಿ 1039, 20 ಡಿಗ್ರಿಯಲ್ಲಿ 1078. ವೈರು ಬಿಚ್ಚಿ ಅಳೆದು ಹೋಲಿಸಬಹುದು. ಸ್ನಾನದ ನೀರು ಕಾಯಿಸುವಾಗ ಹೀಟಿಂಗ್ ಪಂಪನ್ನು ತಡೆಹಿಡಿಯುವ ಸೆಟ್ಟಿಂಗ್ ಇರುತ್ತದೆ. ಬಫರ್ ಇಷ್ಟು ಬಿಸಿಯಾಗುವ ತನಕ ಪಂಪು ಬೇಡ ಎನ್ನುವ ಸೆಟ್ಟಿಂಗೂ ಇರುತ್ತದೆ. ಬಿಸಿನೀರಿಗೆ ಮರಳಿದ ನೀರು ಬೆರೆಸುವ ಮಿಕ್ಸಿಂಗ್ ವಾಲ್ವಿನ ಮೋಟರು ಮುಚ್ಚಿದಲ್ಲೇ ನಿಂತಿದ್ದರೆ ಪಂಪು ಎಷ್ಟು ತಿರುಗಿದರೂ ಬಿಸಿನೀರು ಮೇಲೇರುವುದಿಲ್ಲ. ಅದರ ಮೇಲಿನ ಗುಬುಟನ್ನು ಕೈಯಿಂದ ತಿರುಗಿಸಿದರೆ ತಿಳಿಯುತ್ತದೆ. ಇವೆಲ್ಲ ಸರಿಯಿದ್ದರೆ ಕಂಟ್ರೋಲರಿನ ಟೆಸ್ಟ್ ಮೆನುವಿನಲ್ಲಿ ಹೀಟಿಂಗ್ ಪಂಪನ್ನು ಕೈಯಾರೆ ಆನ್ ಮಾಡಿ.

ಆನ್ ಮಾಡಿದಾಗ ಪಂಪಿಗೆ 230 ವೋಲ್ಟ್ ಬರಬೇಕು. ಇಲ್ಲೊಂದು ಮೋಸವಿದೆ. ಅನೇಕ ಕಂಟ್ರೋಲರ್‌ಗಳಲ್ಲಿ ಪಂಪಿನ ಔಟ್‌ಪುಟ್ ರಿಲೇ (ಸಂಪರ್ಕ ಕೂಡಿಸಿ ಬಿಡಿಸುವ ಸ್ವಿಚ್ಚು) ಅಲ್ಲ, ಟ್ರಯಾಕ್ ಎಂಬ ಎಲೆಕ್ಟ್ರಾನಿಕ್ ಸ್ವಿಚ್ಚು. ಪಂಪಿನ ಪ್ಲಗ್ ಕಿತ್ತು ಬರಿದಾದ ವೈರಿಗೆ ಮಲ್ಟಿಮೀಟರ್ ಇಟ್ಟರೆ, ಔಟ್‌ಪುಟ್ ಆಫ್ ಇದ್ದರೂ ಸೋರಿಕೆಯ ಕರೆಂಟಿನಿಂದಾಗಿ ಮೀಟರಿನಲ್ಲಿ ವೋಲ್ಟೇಜ್ ಕಾಣುತ್ತದೆ. ಹಾಗಾಗಿ ಹಳೆಯ 40 ವ್ಯಾಟಿನ ತಂತಿ ಬಲ್ಬನ್ನು ಜೋಡಿಸಿ ನೋಡುವುದೇ ನಂಬಿಕೆಯ ಪರೀಕ್ಷೆ. ಬಲ್ಬು ಪೂರ್ತಿ ಬೆಳಗಿದರೆ ಕಂಟ್ರೋಲರ್ ಸರಿ, ದೋಷ ಪಂಪಿನದು.

ಊರಿನಲ್ಲಿ ಮೋಟರು ಗುಂಯ್‌ಗುಟ್ಟಿ ತಿರುಗದೆ ನಿಂತರೆ ಮೊದಲು ಕೆಪಾಸಿಟರ್ ನೋಡುತ್ತಾರೆ. ಹಳೆಯ ಮೂರು ವೇಗದ ಹೀಟಿಂಗ್ ಪಂಪಿಗೂ ಅದೇ ಲೆಕ್ಕ: ಟರ್ಮಿನಲ್ ಡಬ್ಬಿಯಲ್ಲಿರುವ ಸಣ್ಣ ಕೆಪಾಸಿಟರ್ ಬಿಚ್ಚಿ ಅಳೆಯಿರಿ, ಅದರ ಮೇಲೆ ಬರೆದ ಮೈಕ್ರೋಫ್ಯಾರಡ್‌ಗಿಂತ ತುಂಬ ಇಳಿದಿದ್ದರೆ ಬದಲಿಸಿ. ಅಂಥ ಪಂಪಿನ ಮುಖದ ನಡುವೆ ದೊಡ್ಡ ಹಿತ್ತಾಳೆ ಸ್ಕ್ರೂ ಇರುತ್ತದೆ. ಅದನ್ನು ತೆಗೆದರೆ ಶಾಫ್ಟಿನ ತುದಿಯ ಸೀಳು ಕಾಣುತ್ತದೆ. ಚಪ್ಪಟೆ ಸ್ಕ್ರೂಡ್ರೈವರ್ ಇಟ್ಟು ಎರಡೂ ಕಡೆಗೆ ಮೆಲ್ಲಗೆ ತಿರುಗಿಸಿದರೆ ಬೇಸಿಗೆಯಿಡೀ ನಿಂತು ಹಿಡಿದುಕೊಂಡ ರೋಟರ್ (ಮೋಟರಿನೊಳಗೆ ತಿರುಗುವ ಭಾಗ) ಬಿಟ್ಟುಕೊಳ್ಳುತ್ತದೆ.

ನಮ್ಮದು ಹೊಸ ಬಗೆಯ ಎಲೆಕ್ಟ್ರಾನಿಕ್ ಪಂಪು. ಅದಕ್ಕೆ ಈ ಸ್ಕ್ರೂ ಇಲ್ಲ. 2013ರಿಂದ ಯುರೋಪಿಯನ್ ಒಕ್ಕೂಟದ ವಿದ್ಯುತ್ ಉಳಿತಾಯದ ನಿಯಮಕ್ಕೆ ಒಗ್ಗುವ ಪಂಪುಗಳಷ್ಟೇ ಮಾರುಕಟ್ಟೆಗೆ ಬರುತ್ತಿವೆ, ಅವುಗಳ ರೋಟರಿನಲ್ಲಿ ಶಾಶ್ವತ ಅಯಸ್ಕಾಂತ ಇರುತ್ತದೆ. ನಾಲ್ಕು ಅಲನ್ ಬೋಲ್ಟ್ ಬಿಚ್ಚಿ ಮೋಟರ್ ತಲೆಯನ್ನು ಹೊರಗೆಳೆದೆ. ರೋಟರಿನ ಸುತ್ತ ಕಾಡಿಗೆಯಂಥ ಕಪ್ಪು ರಾಡಿ ದಪ್ಪಗೆ ಅಂಟಿತ್ತು. ಅದು ಮ್ಯಾಗ್ನೆಟೈಟ್: ಕಬ್ಬಿಣದ ಪೈಪು, ರೇಡಿಯೇಟರ್‌ಗಳು ಒಳಗಿಂದ ತುಕ್ಕು ಹಿಡಿದಾಗ ಹುಟ್ಟುವ ಪುಡಿ. ಅಯಸ್ಕಾಂತ ಅದನ್ನು ನೀರಿನಿಂದ ಹೆಕ್ಕಿ ಹೆಕ್ಕಿ ತನ್ನ ಮೈಗೆ ಬಳಿದುಕೊಳ್ಳುತ್ತದೆ, ಕೊನೆಗೆ ರೋಟರ್ ಮತ್ತು ಅದನ್ನು ಸುತ್ತುವರಿದ ತೆಳು ಕವಚದ ನಡುವಿನ ಸಂದು ತುಂಬಿ ಪಂಪು ನಿಲ್ಲುತ್ತದೆ. ಬಟ್ಟೆ, ಮೆತ್ತನೆಯ ಬ್ರಶ್, ಬೆಚ್ಚಗಿನ ನೀರು ಸಾಕು. ಉಕ್ಕಿನ ಬ್ರಶ್ ತಾಗಿಸಬಾರದು. ಪೇಸ್‌ಮೇಕರ್ ಹಾಕಿಸಿಕೊಂಡವರು ಈ ರೋಟರಿನಿಂದ ದೂರವಿರಬೇಕು, ಅಯಸ್ಕಾಂತ ಅಷ್ಟು ಪ್ರಬಲ.

ತೊಳೆದು ಹಾಕಿದ ಪಂಪು ಎರಡು ವಾರ ಓಡಿ ಮತ್ತೆ ನಿಂತಿತು. ಅಂದರೆ ರಾಡಿ ಹುಟ್ಟುವ ಮೂಲ ಹಾಗೇ ಇತ್ತು. ಮುಚ್ಚಿದ ವ್ಯವಸ್ಥೆಯಲ್ಲಿ ನೀರಿನೊಳಗಿನ ಆಮ್ಲಜನಕ ಒಮ್ಮೆ ಖರ್ಚಾದ ಮೇಲೆ ತುಕ್ಕು ನಿಂತುಬಿಡಬೇಕು. ನಿಲ್ಲದಿದ್ದರೆ ಹೊಸ ಗಾಳಿ ಎಲ್ಲಿಂದಲೋ ಒಳಬರುತ್ತಿದೆ ಎಂದೇ ಅರ್ಥ. ನಾವು ತಿಂಗಳಿಗೊಮ್ಮೆ ಒತ್ತಡ ಇಳಿದಾಗ ನಲ್ಲಿ ನೀರು ತುಂಬುತ್ತಿದ್ದೆವು. ಆ ನೀರಿನ ಜೊತೆಗೇ ಆಮ್ಲಜನಕವೂ ಒಳಗೆ ಹೋಗುತ್ತಿತ್ತು.

ಒತ್ತಡ ಇಳಿಯುವುದೇಕೆ? ಆ ಕೆಂಪು ಡಬ್ಬಿ, ಅಂದರೆ ಎಕ್ಸ್‌ಪಾನ್ಶನ್ ವೆಸಲ್, ರಬ್ಬರ್ ಪರದೆಯ ಒಂದು ಬದಿಗೆ ನೀರು, ಇನ್ನೊಂದು ಬದಿಗೆ ನೈಟ್ರೋಜನ್ ಇಟ್ಟುಕೊಂಡಿರುತ್ತದೆ. ಬಫರ್, ಪೈಪು, ರೇಡಿಯೇಟರ್ ಸೇರಿ ಸುಮಾರು 1000 ಲೀಟರ್ ನೀರು 20ರಿಂದ 80 ಡಿಗ್ರಿಗೆ ಕಾದಾಗ 27 ಲೀಟರಿನಷ್ಟು ಹಿಗ್ಗುತ್ತದೆ. ಆ 27 ಲೀಟರಿಗೆ ಡಬ್ಬಿಯಲ್ಲಿ ಜಾಗ ಸಿಗಬೇಕು. ಅನಿಲ ಸೋರಿಹೋದರೆ ಡಬ್ಬಿ ಮೊದಲೇ ನೀರಿನಿಂದ ತುಂಬಿರುತ್ತದೆ; ಕಾದ ನೀರು 3 ಬಾರಿನ ಸೇಫ್ಟಿ ವಾಲ್ವಿನಿಂದ ತೊಟ್ಟಿಕ್ಕಿ ಹೊರಹೋಗುತ್ತದೆ; ತಣಿದಾಗ ಒತ್ತಡ ಬೀಳುತ್ತದೆ; ನಾವು ಮತ್ತೆ ನೀರು ತುಂಬುತ್ತೇವೆ. ವರ್ತುಲ ಇದು. ಮೇಲಿನ ಮಹಡಿಯಲ್ಲಂತೂ ಒತ್ತಡ ಬಿದ್ದಾಗ ಗಾಳಿಯನ್ನೇ ಒಳಗೆ ಎಳೆದುಕೊಳ್ಳಬಹುದು.

ಅಳೆಯುವ ಕ್ರಮ ಸರಳ. ಡಬ್ಬಿಗೆ ನೀರು ಬರುವ ಪೈಪಿನ ವಾಲ್ವ್ ಮುಚ್ಚಿ, ಅದರ ನೀರನ್ನು ಪೂರ್ತಿ ಖಾಲಿಮಾಡಿ, ಆಮೇಲೆ ಕಾರಿನ ಟೈರಿನ ಗೇಜನ್ನು ಅದರ ನಿಪ್ಪಲಿಗೆ ಇಡಿ. ನೀರಿನ ಒತ್ತಡ ಇರುವಾಗಲೇ ಅಳೆದರೆ ಆ ಅಂಕಿಗೆ ಬೆಲೆಯಿಲ್ಲ. ನಮ್ಮಲ್ಲಿ ಡಬ್ಬಿಯಿಂದ ಅತಿ ಎತ್ತರದ ರೇಡಿಯೇಟರಿಗೆ 7 ಮೀಟರ್, ಅಂದರೆ 0.7 ಬಾರ್, ಅದಕ್ಕೆ 0.3 ಸೇರಿಸಿ ಅನಿಲದ ಒತ್ತಡ 1.0 ಬಾರ್ ಇರಬೇಕಿತ್ತು. ಇದ್ದದ್ದು 0.4. ನಿಪ್ಪಲ್ ಒತ್ತಿದಾಗ ನೀರು ಚಿಮ್ಮಿದರೆ ರಬ್ಬರ್ ಹರಿದಿದೆ, ಡಬ್ಬಿಯನ್ನೇ ಬದಲಿಸಬೇಕು. ನಮ್ಮದರಲ್ಲಿ ಚಿಮ್ಮಲಿಲ್ಲ, ನೈಟ್ರೋಜನ್ ತುಂಬಿಸಿ 1.0 ಬಾರಿಗೆ ತಂದು, ವ್ಯವಸ್ಥೆ ತಣ್ಣಗಿರುವಾಗ ನೀರನ್ನು 1.4 ಬಾರಿಗೆ ಏರಿಸಿದೆ. ಇಷ್ಟು ನೀರಿಗೆ 80 ಲೀಟರಿಗಿಂತ ಸಣ್ಣ ಡಬ್ಬಿ ಸಾಲದು. ಬಫರ್ ಸೇರಿಸಿದವರು ಹಳೆಯ 35 ಲೀಟರಿನ ಡಬ್ಬಿಯನ್ನೇ ಬಿಟ್ಟಿದ್ದರೆ ಇದೇ ಕಾಯಿಲೆ ಬಂದೇ ಬರುತ್ತದೆ.

ಎರಡನೇ ಸಲ ಬಿಚ್ಚಿದಾಗ ಪಂಪಿನ ಬೇರಿಂಗಿನಲ್ಲಿ ಗೀರು ಬಿದ್ದಿದ್ದರಿಂದ ಹೊಸದನ್ನೇ ಕೊಂಡೆ. ಪಂಪಿನ ಮೇಲಿನ 25-60 180 ಎಂಬ ಬರಹದಲ್ಲಿ 25 ಎಂದರೆ ಪೈಪಿನ ಅಳತೆ, 60 ಎಂದರೆ 6 ಮೀಟರ್ ಎತ್ತುವ ಶಕ್ತಿ, 180 ಎಂದರೆ ಮಿಲಿಮೀಟರಿನಲ್ಲಿ ಉದ್ದ. ಮೊದಲ ಮತ್ತು ಕೊನೆಯ ಅಂಕಿ ತಪ್ಪಿದರೆ ಪಂಪು ಜಾಗಕ್ಕೆ ಕೂರುವುದಿಲ್ಲ. ನಡುವಿನದು ಮಾತ್ರ ಲೆಕ್ಕದ ವಿಷಯ. ಬೇಕಾದ ವ್ಯಾಟನ್ನು 1.16ರಿಂದಲೂ, ಹೋಗುವ ಮತ್ತು ಮರಳುವ ನೀರಿನ ಡಿಗ್ರಿ ವ್ಯತ್ಯಾಸದಿಂದಲೂ ಭಾಗಿಸಿದರೆ ಗಂಟೆಗೆ ಎಷ್ಟು ಲೀಟರ್ ಎಂಬುದು ಸಿಗುತ್ತದೆ. 12,000 ವ್ಯಾಟಿಗೆ, 15 ಡಿಗ್ರಿ ವ್ಯತ್ಯಾಸಕ್ಕೆ, ಸುಮಾರು 690 ಲೀಟರ್. ನಮ್ಮ ಪೈಪುಗಳಲ್ಲಿ ಅಷ್ಟನ್ನು ಓಡಿಸಲು 2 ಮೀಟರ್ ಸಾಕು, ಹಾಗಾಗಿ 25-40 ಹಾಕಿದೆ. ಅತಿ ಬಲದ ಪಂಪು ಹಾಕಿದರೆ ರೇಡಿಯೇಟರ್ ವಾಲ್ವುಗಳು ರಾತ್ರಿಯಿಡೀ ಸುಯ್ಯೆನ್ನುತ್ತವೆ, ಬಫರಿನ ಕೆಳಭಾಗಕ್ಕೆ ಬಿಸಿನೀರು ಮರಳಿ, ಮೇಲೆ ಬಿಸಿ ಕೆಳಗೆ ತಣ್ಣಗೆ ಇರುವ ಪದರಗಳೆಲ್ಲ ಕದಡಿಹೋಗುತ್ತವೆ.

ಹಳೆಯ ಮೂರು ವೇಗದ ಪಂಪಿನ ಜಾಗಕ್ಕೆ ಎಲೆಕ್ಟ್ರಾನಿಕ್ ಪಂಪು ಕೂರಿಸುವವರು ಕಂಟ್ರೋಲರಿನ ಕಡೆಗೂ ಗಮನ ಕೊಡಬೇಕು. ಟ್ರಯಾಕ್ ಔಟ್‌ಪುಟ್ಟಿನಲ್ಲಿ ವೇಗ ನಿಯಂತ್ರಣ ಆನ್ ಇದ್ದರೆ ಅದು ಕರೆಂಟನ್ನು ಕತ್ತರಿಸಿ ಕತ್ತರಿಸಿ ಕೊಡುತ್ತದೆ, ಹೊಸ ಪಂಪಿನ ಬೋರ್ಡಿಗೆ ಅದು ಮಾರಕ. ಮೆನುವಿನಲ್ಲಿ ಬರೀ ಆನ್-ಆಫ್‌ಗೆ ಬದಲಿಸಿ. ರಿಲೇ ಇದ್ದರೆ ಬೇರೆ ತೊಂದರೆ: ಈ ಪಂಪು ಓಡುವಾಗ ತಿನ್ನುವುದು 10 ವ್ಯಾಟ್ ಆದರೂ, ಆನ್ ಆದ ಕ್ಷಣ ಒಳಗಿನ ಕೆಪಾಸಿಟರ್ ತುಂಬಲು ಅದರ ನೂರಾರು ಪಟ್ಟು ಕರೆಂಟು ಎಳೆಯುತ್ತದೆ. ಸಣ್ಣ ರಿಲೇಯ ಸಂಪರ್ಕಗಳು ಬೆಸೆದುಕೊಂಡು ಪಂಪು ನಿಲ್ಲುವುದನ್ನೇ ಮರೆಯುತ್ತದೆ. ನಡುವೆ ಬಲವಾದ ಇನ್ನೊಂದು ರಿಲೇ ಹಾಕುವುದು ಪರಿಹಾರ. ಪಿಡಬ್ಲ್ಯುಎಂ ಎಂಬ ಸಿಗ್ನಲ್ ವೈರಿನಿಂದ ವೇಗ ಹೇಳುವ ಪಂಪಾದರೆ ಹೀಟಿಂಗ್ ಬಗೆಯದೋ ಸೋಲಾರ್ ಬಗೆಯದೋ ನೋಡಿಕೊಳ್ಳಿ. ಸಿಗ್ನಲ್ ಸೊನ್ನೆಯಾದರೆ ಮೊದಲನೆಯದು ಪೂರ್ತಿ ವೇಗದಲ್ಲಿ ಓಡುತ್ತದೆ, ಎರಡನೆಯದು ನಿಲ್ಲುತ್ತದೆ.

ಕೂರಿಸುವಾಗ ಬಾಣದ ಗುರುತು ನೀರು ಹೋಗುವ ಕಡೆಗೆ, ಶಾಫ್ಟ್ ಅಡ್ಡಕ್ಕೆ, ಎರಡೂ ಕಡೆ ಹೊಸ 44×32 ಮಿಲಿಮೀಟರ್ ಗ್ಯಾಸ್ಕೆಟ್. ಶಾಫ್ಟ್ ನೆಟ್ಟಗೆ ನಿಂತರೆ ಗಾಳಿ ಸೇರಿಕೊಂಡು ಬೇರಿಂಗ್ ಒಣಗುತ್ತದೆ. ಹೋಗುವ ಪೈಪಿನ ಬಾಲ್ ವಾಲ್ವಿನೊಳಗೆ ಜರ್ಮನರು ಶ್ವೇರ್‌ಕ್ರಾಫ್ಟ್‌ಬ್ರೆಂಸೆ ಎನ್ನುವ ತಡೆಕವಾಟ ಇರುತ್ತದೆ. ಹಿಡಿಯನ್ನು 45 ಡಿಗ್ರಿಗೆ ಇಟ್ಟರೆ ಅದು ತೆರೆದೇ ಇರುತ್ತದೆ. ನೀರು ತುಂಬುವಾಗ ಹಾಗಿಟ್ಟು, ಮುಗಿದ ಮೇಲೆ ಪೂರ್ತಿ ತೆರೆದ ಸ್ಥಾನಕ್ಕೆ ತನ್ನಿ, ಇಲ್ಲವಾದರೆ ಬೇಸಿಗೆಯಲ್ಲೂ ಬಿಸಿನೀರು ತಾನಾಗಿ ಮೇಲೇರುತ್ತದೆ. ರೇಡಿಯೇಟರ್‌ಗಳ ಗಾಳಿಯನ್ನು ಪಂಪು ನಿಲ್ಲಿಸಿಯೇ ಬಿಡಬೇಕು, ಕೆಳಗಿನ ಅಂತಸ್ತಿನಿಂದ ಶುರುಮಾಡಿ. ಆಮೇಲೆ ಪಂಪನ್ನು ಹತ್ತು ನಿಮಿಷ ಗರಿಷ್ಠ ವೇಗದಲ್ಲಿ ಓಡಿಸಿ, ಹರಿವು ಇಳಿದಾಗ ಒತ್ತಡವನ್ನೂ ಇಳಿಸುವ ಪ್ರಪೋರ್ಷನಲ್ ಒತ್ತಡದ ಸೆಟ್ಟಿಂಗಿಗೆ ತಂದು 2 ಮೀಟರಿಗೆ ಇಟ್ಟೆ.

ತುಂಬುವ ನೀರು ನಲ್ಲಿಯದಲ್ಲ. ಜರ್ಮನಿಯ ವಿಡಿಐ 2035 ಮಾರ್ಗಸೂಚಿಯಂತೆ ಲವಣ ತೆಗೆದ ನೀರು ಹಾಕಿದೆ, ಅದರ ವಿದ್ಯುತ್ ವಾಹಕತೆ ಸೆಂಟಿಮೀಟರಿಗೆ 100 ಮೈಕ್ರೋಸೀಮೆನ್ಸ್‌ಗಿಂತ ಕಡಿಮೆ. ಪಿಎಚ್ 8.2ರಿಂದ 10ರೊಳಗೆ ಇರಬೇಕು, ಅಲ್ಯುಮಿನಿಯಂ ಭಾಗಗಳಿದ್ದರೆ 9 ದಾಟಬಾರದು. ತುಂಬಿದ ದಿನವೇ ಅಳೆಯುವುದರಲ್ಲಿ ಅರ್ಥವಿಲ್ಲ, ಎರಡು ಮೂರು ತಿಂಗಳು ಓಡಿದ ಮೇಲೆ ಅದು ತಾನಾಗಿ ಏರಿ ನಿಲ್ಲುತ್ತದೆ. ಮರಳುವ ಪೈಪಿಗೆ, ಬಫರಿಗೆ ಮುಂಚೆ, ಅಯಸ್ಕಾಂತದ ಫಿಲ್ಟರ್ ಹಾಕಿದೆ. ಮೊದಲ ವಾರದಲ್ಲೇ ಎರಡು ಚಮಚ ಕಪ್ಪು ರಾಡಿ ಸಿಕ್ಕಿತು, ತಿಂಗಳ ನಂತರ ಅರ್ಧ ಚಮಚ. ಒತ್ತಡದ ಗೇಜಿನ ಗಾಜಿನ ಮೇಲೆ 1.4ರ ಜಾಗದಲ್ಲಿ ಪೆನ್ನಿನಿಂದ ಗೆರೆ ಎಳೆದಿದ್ದೇನೆ. ವ್ಯವಸ್ಥೆ ತಣ್ಣಗಿರುವಾಗ ಮುಳ್ಳು ಆ ಗೆರೆಗಿಂತ ಕೆಳಗಿದ್ದರೆ ನೀರು ತುಂಬುವ ಮುಂಚೆ ಸೇಫ್ಟಿ ವಾಲ್ವಿನ ಬಾಯಿ ಒದ್ದೆಯಾಗಿದೆಯೇ ಎಂದು ಮುಟ್ಟಿ ನೋಡುತ್ತೇನೆ.