ಚಳಿಗಾಲದ ನಾರ್ವೆ: ಗಂಡ-ಹೆಂಡತಿ ಜೊತೆಯಾಗಿ ಹಡಗು ಹತ್ತುವ ಮುನ್ನ

ನಾವು ಸಾಗರದವರು. ಸಿಗಂದೂರಿಗೆ ಹೋಗುವಾಗ ಶರಾವತಿ ಹಿನ್ನೀರಿನಲ್ಲಿ ಲಾಂಚ್ ಹತ್ತಿ ಬೆಳೆದವರು. ಬಸ್ಸು, ಬೈಕು, ಅಕ್ಕಿ ಮೂಟೆ, ಮದುವೆ ದಿಬ್ಬಣ ಎಲ್ಲವೂ ಆಗ ಒಂದೇ ಲಾಂಚಿನಲ್ಲಿ. ನಾರ್ವೆಯ ಕರಾವಳಿ ಹಡಗು ಹೇಗಿರುತ್ತೆ ಅಂತ ಕೇಳಿದವರಿಗೆಲ್ಲ ನಾನು ಆ ಲಾಂಚನ್ನೇ ನೆನಪಿಸುತ್ತೇನೆ. ದೊಡ್ಡ ಕ್ರೂಸ್ ಹಡಗಿನ ನಾಟಕ, ಕುಣಿತ, ಕ್ಯಾಸಿನೊ ಇಲ್ಲಿ ಹುಡುಕಬೇಡಿ. ಊರೂರಿಗೆ ಸಾಮಾನು ಮತ್ತು ಜನರನ್ನು ಮುಟ್ಟಿಸುತ್ತಾ ಹೋಗುವ ಹಡಗಿದು. 1893ರಲ್ಲಿ ರಿಚರ್ಡ್ ವಿತ್ ಎಂಬ ಕ್ಯಾಪ್ಟನ್ ಶುರು ಮಾಡಿದ ಸೇವೆ. ಬರ್ಗೆನ್‌ನಿಂದ ರಷ್ಯಾ ಗಡಿ ಹತ್ತಿರದ ಕಿರ್ಕೆನೆಸ್‌ವರೆಗೆ 34 ಬಂದರು, ಹೋಗಿ ಬರಲು 12 ದಿನ. ಈಗ ಹುರ್ಟಿಗ್ರೂಟೆನ್ ಮತ್ತು ಹಾವಿಲಾ ಎಂಬ ಎರಡು ಕಂಪನಿಗಳು ಈ ದಾರಿಯಲ್ಲಿ ಹಡಗು ಓಡಿಸುತ್ತವೆ.

ಮದುವೆಯಾಗಿ 30 ವರ್ಷ ತುಂಬಿದಾಗ ನಾನೂ ನಮ್ಮವರೂ ಹೋಗಿ ಬಂದೆವು. ಆಮೇಲೆ ನೆಂಟರಲ್ಲಿ ಮೂರು ಜೋಡಿ ಕೇಳಿದ್ದಾರೆ. ಅವರಿಗೆ ಹೇಳಿದ್ದನ್ನೇ ಇಲ್ಲೂ ಬರೆಯುತ್ತಿದ್ದೇನೆ.

ಮೊದಲು ತಿಂಗಳು ಆರಿಸಿಕೊಳ್ಳಿ. ಎಲ್ಲರೂ ಡಿಸೆಂಬರ್ ಅನ್ನುತ್ತಾರೆ. ಆದರೆ ದೂರದ ಉತ್ತರದ ಟ್ರೊಮ್ಸೊ ಊರಿನಲ್ಲಿ ನವೆಂಬರ್ ಕೊನೆಯಿಂದ ಜನವರಿ ಮಧ್ಯದವರೆಗೆ ಸೂರ್ಯ ಮೇಲೆ ಬರುವುದೇ ಇಲ್ಲ. ಮಧ್ಯಾಹ್ನ ಸ್ವಲ್ಪ ಹೊತ್ತು ನೀಲಿ ಬೆಳಕು, ಅಷ್ಟೇ. ಅದೂ ಚೆಂದವೇ. ಆದರೆ ಇಷ್ಟು ದೂರ ಹೋಗಿ ಬೆಟ್ಟ, ಹಿಮ, ಸಮುದ್ರ ಕಾಣಬೇಕಲ್ವಾ? ಫೆಬ್ರವರಿ ಮಧ್ಯದ ಹೊತ್ತಿಗೆ ಅಲ್ಲಿ ಆರೇಳು ಗಂಟೆ ಹಗಲು ಸಿಗುತ್ತದೆ, ರಾತ್ರಿ ಆಕಾಶದಲ್ಲಿ ಬಣ್ಣದ ಬೆಳಕು ಆಡುವ ನಾರ್ದರ್ನ್ ಲೈಟ್ಸ್‌ಗೆ ಬೇಕಾದಷ್ಟು ಕತ್ತಲೂ ಇರುತ್ತದೆ. ನನ್ನ ಮತ ಫೆಬ್ರವರಿಗೆ.

ಪೂರ್ತಿ 12 ದಿನ ಹೋಗುವುದಾದರೆ ಒಂದು ಲಾಭ ಇದೆ. ಹೋಗುವಾಗ ರಾತ್ರಿ ದಾಟಿದ ಎಷ್ಟೋ ಊರುಗಳನ್ನು ಬರುವಾಗ ಹಗಲಲ್ಲಿ ನೋಡಬಹುದು. ಖರ್ಚು ಜಾಸ್ತಿ ಅನ್ನಿಸಿದರೆ ಕಿರ್ಕೆನೆಸ್‌ವರೆಗೆ ಹೋಗಿ ಅಲ್ಲಿಂದ ವಿಮಾನದಲ್ಲಿ ಓಸ್ಲೋಗೆ ಬನ್ನಿ. ಅದೂ ಭಾರ ಅನ್ನಿಸಿದರೆ ದಾರಿ ನಡುವಿನ ಬೋಡೊದಿಂದ ಟ್ರೊಮ್ಸೊವರೆಗೆ ಒಂದೇ ರಾತ್ರಿಯ ಟಿಕೆಟ್ ತಗೊಳ್ಳಿ. ಮಧ್ಯಾಹ್ನ ಹತ್ತಿ ಮರುದಿನ ಮಧ್ಯಾಹ್ನ ಇಳಿಯುವ ಪಯಣ. ಅಷ್ಟರಲ್ಲೇ ಲೊಫೋಟೆನ್ ದ್ವೀಪಗಳ ಪಕ್ಕದಲ್ಲಿ ಹಾದು ಹೋಗುತ್ತೀರಿ.

ವೀಸಾ, ಯುರೋಪಿನ ಹಲವು ದೇಶಗಳಿಗೆ ಒಂದೇ ಆಗಿರುವ ಷೆಂಗೆನ್‌ದು. ಪ್ರಯಾಣಕ್ಕೆ ಆರು ತಿಂಗಳು ಮುಂಚೆಯೇ ಅರ್ಜಿ ಹಾಕಬಹುದು. ಕನಿಷ್ಠ 30,000 ಯೂರೋ ಮೊತ್ತದ ವೈದ್ಯಕೀಯ ವಿಮೆ ಬೇಕು. ಇದಕ್ಕಿಂತ ಹೆಚ್ಚು ಹೇಳುವುದೇನಿಲ್ಲ.

ಊಟದ ವಿಷಯ ಮಾತ್ರ ಬಿಡಿಸಿ ಹೇಳಬೇಕು. ನಾವಿಬ್ಬರೂ ಸಸ್ಯಾಹಾರಿಗಳು. ಬುಕಿಂಗ್ ಮಾಡುವಾಗಲೇ ಬರೆಸಿ. ಹತ್ತಿದ ದಿನ ಊಟದ ಮನೆಯವರಿಗೆ ಬಾಯಲ್ಲೂ ಇನ್ನೊಮ್ಮೆ ಹೇಳಿ. ಬ್ರೆಡ್ಡು, ಆಲೂಗೆಡ್ಡೆ, ಗೆಡ್ಡೆ ತರಕಾರಿ, ಓಟ್ಸ್ ಗಂಜಿ, ಚೀಸ್ ಇವುಗಳಿಂದ ಹೊಟ್ಟೆ ತುಂಬುತ್ತದೆ. ಬ್ರೂನೋಸ್ಟ್ ಎಂಬ ಕಂದು ಚೀಸ್ ಸಿಹಿಯಾಗಿ, ಹೆಚ್ಚುಕಮ್ಮಿ ನಮ್ಮ ಖೋವಾದ ಹಾಗೆ ಇರುತ್ತದೆ. ನಮ್ಮವರಿಗೆ ಅದರ ಹುಚ್ಚೇ ಹಿಡಿಯಿತು. ಐದನೇ ದಿನಕ್ಕೆ ನಾಲಿಗೆ ಖಾರ ಕೇಳುತ್ತದೆ. ಚಟ್ನಿಪುಡಿ, ತೆಳು ಅವಲಕ್ಕಿ, ಹುರಿದ ಕಡಲೆ ಒಯ್ಯಿರಿ. ತುಪ್ಪ, ಪೇಡ, ಹಾಲಿನ ಸಿಹಿ ಬೇಡ. ಯುರೋಪಿನ ಹೊರಗಿನಿಂದ ಹಾಲಿನ ಪದಾರ್ಥ, ಮಾಂಸ ತರಲು ನಾರ್ವೆ ಬಿಡುವುದಿಲ್ಲ.

ಇನ್ನು ಬಟ್ಟೆ. ನಾವು ಕಷ್ಟಪಟ್ಟು ಕಲಿತ ಪಾಠ ಇದು. ಬರ್ಗೆನ್‌ನಲ್ಲಿ ಇಳಿದಾಗ ನಮ್ಮ ದೊಡ್ಡ ಪೆಟ್ಟಿಗೆ ಬಂದಿರಲಿಲ್ಲ. ಉಣ್ಣೆ ಬಟ್ಟೆ ಎಲ್ಲ ಅದರಲ್ಲೇ. ಹಡಗು ಯಾರಿಗೂ ಕಾಯುವುದಿಲ್ಲ, ವೇಳಾಪಟ್ಟಿಯಂತೆ ಹೊರಟುಬಿಡುತ್ತದೆ. ಅಂಗಡಿ ಮುಚ್ಚುವ ಮುಂಚೆ ಓಡಿಹೋಗಿ ಎರಡು ಜೊತೆ ಒಳ ಉಣ್ಣೆ ತಗೊಂಡೆವು. ಆ ದುಡ್ಡಿಗೆ ಊರಲ್ಲಿ ಮನೆಮಂದಿಗೆಲ್ಲ ಬಟ್ಟೆ ಬರುತ್ತಿತ್ತು. ಪೆಟ್ಟಿಗೆ ಮೂರನೇ ದಿನ ಟ್ರೊಂಡ್‌ಹೈಮ್‌ನಲ್ಲಿ ಕೈಸೇರಿತು. ಆದ್ದರಿಂದ ಒಂದು ದಿನ ಮುಂಚೆಯೇ ಬರ್ಗೆನ್ ಸೇರಿ. ಇಬ್ಬರ ಒಂದೊಂದು ಜೊತೆ ಉಣ್ಣೆ, ಟೋಪಿ, ಕೈಗವಸು ಕೈಚೀಲದಲ್ಲೇ ಇರಲಿ.

ಮೈಗೆ ತಾಗುವ ಬಟ್ಟೆ ಹತ್ತಿಯದಾಗಬಾರದು. ಬೆವರಿದರೆ ಅದು ಒದ್ದೆಯಾಗಿಯೇ ಉಳಿದು ಚಳಿ ಹಿಡಿಸುತ್ತದೆ. ಒಳಗೆ ಮೆರಿನೊ ಉಣ್ಣೆ, ನಡುವೆ ಸ್ವೆಟರ್, ಮೇಲೆ ಗಾಳಿ ತಡೆಯುವ ಜಾಕೆಟ್. ಅಟ್ಲಾಂಟಿಕ್‌ನ ಬೆಚ್ಚನೆ ನೀರಿನ ಪ್ರವಾಹದಿಂದಾಗಿ ಈ ಕರಾವಳಿ ನಾವು ಹೆದರುವಷ್ಟು ತಣ್ಣಗಿಲ್ಲ. ಟ್ರೊಮ್ಸೊದಲ್ಲಿ ಸೊನ್ನೆಗಿಂತ ನಾಲ್ಕೈದು ಡಿಗ್ರಿ ಕೆಳಗಿರುವ ದಿನಗಳೇ ಹೆಚ್ಚು. ಡೆಕ್ಕಿನ ಮೇಲಿನ ಗಾಳಿಯೇ ನಿಜವಾದ ಚಳಿ. ಕಿರ್ಕೆನೆಸ್ ಮಾತ್ರ ಬೇರೆ, ಅಲ್ಲಿ ಚಳಿ ಮೂಳೆಗೆ ಇಳಿಯುತ್ತದೆ. ಬೂಟಿಗೆ ಸಿಕ್ಕಿಸುವ ಮುಳ್ಳಿನ ಪಟ್ಟಿಯನ್ನು ನಾರ್ವೆಯ ಅಂಗಡಿಯಲ್ಲೇ ತಗೊಳ್ಳಿ. ಮಂಜುಗಡ್ಡೆ ಕಟ್ಟಿದ ಬೀದಿಯಲ್ಲಿ ಅಲ್ಲಿನ ಅಜ್ಜಿಯರೂ ಅದನ್ನು ಹಾಕಿಕೊಂಡೇ ನಡೆಯುತ್ತಾರೆ.

ಕ್ಯಾಬಿನ್ ಕೆಳ ಮಹಡಿಯಲ್ಲಿ, ಹಡಗಿನ ನಡುಭಾಗದಲ್ಲಿ ಕೇಳಿ. ಹೊಯ್ದಾಟ ಅಲ್ಲಿ ಕಡಿಮೆ. ಹೆಚ್ಚಿನ ದಾರಿ ದ್ವೀಪಗಳ ಮರೆಯಲ್ಲೇ ಸಾಗುತ್ತದೆ. ಮರೆ ತಪ್ಪುವ ಜಾಗಗಳಲ್ಲಿ ಹುಸ್ತಾಡ್‌ವಿಕಾ, ಲೊಫೋಟೆನ್‌ಗೆ ಮುಂಚಿನ ವೆಸ್ಟ್‌ಫ್ಯೋರ್ಡ್, ಕೊನೆಯ ಬ್ಯಾರೆಂಟ್ಸ್ ಸಮುದ್ರ ಮುಖ್ಯ. ವಾಂತಿ ತಡೆಯುವ ಮಾತ್ರೆಯನ್ನು ಊರಲ್ಲೇ ಡಾಕ್ಟರ್ ಹತ್ತಿರ ಕೇಳಿ ತನ್ನಿ. ಹೊಟ್ಟೆ ತೊಳಸಲು ಶುರುವಾಗುವ ಮುಂಚೆಯೇ ನುಂಗಬೇಕು, ಆಮೇಲೆ ನುಂಗಿ ಪ್ರಯೋಜನ ಕಡಿಮೆ. ನನಗೆ ಒಣಶುಂಠಿ ಚೂರೂ ಸಹಾಯ ಮಾಡಿತು.

ನಾಲ್ಕನೇ ದಿನ ಬೆಳಿಗ್ಗೆ ಉತ್ತರ ಧ್ರುವ ಪ್ರದೇಶದ ಗಡಿರೇಖೆಯಾದ ಆರ್ಕ್ಟಿಕ್ ವೃತ್ತ ದಾಟುತ್ತೀರಿ. ಅದರ ಗುರುತಿಗೆ ಸಣ್ಣ ದ್ವೀಪವೊಂದರ ಮೇಲೆ ಲೋಹದ ಗೋಳ ನಿಲ್ಲಿಸಿದ್ದಾರೆ. ಆಮೇಲೆ ವೃತ್ತ ದಾಟಿದ ಖುಷಿಗೆ ಡೆಕ್ಕಿನಲ್ಲಿ ಅಂಗಿಯೊಳಗೆ ಬೆನ್ನಿಗೆ ಸೌಟಿನಿಂದ ಮಂಜುಗಡ್ಡೆ ಸುರಿಯುತ್ತಾರೆ. ಇಬ್ಬರೂ ಒಟ್ಟಿಗೆ ಕೂತು ಹಾಕಿಸಿಕೊಳ್ಳಿ. ವಾಪಸ್ ಬರುವಾಗ ಇದೇ ಜಾಗದಲ್ಲಿ ಒಂದು ಚಮಚ ಮೀನೆಣ್ಣೆ ಕೊಡುವ ಪದ್ಧತಿ ಇದೆ. ಬೇಡ ಅಂದರೆ ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ.

ಎಲ್ಲಕ್ಕಿಂತ ಮುಖ್ಯವಾದದ್ದು ರಾತ್ರಿ. ಆಕಾಶದಲ್ಲಿ ಬೆಳಕು ಕಂಡರೆ ಹಡಗಿನವರು ಕ್ಯಾಬಿನ್ ಸ್ಪೀಕರಿನಲ್ಲಿ ಕೂಗುತ್ತಾರೆ. ಆ ಸ್ಪೀಕರ್ ಆಫ್ ಮಾಡಬೇಡಿ. ಜಾಕೆಟ್, ಬೂಟು ಬಾಗಿಲ ಹತ್ತಿರವೇ ಇರಲಿ. ಅದರ ಜೊತೆಗೆ ನೀವಿಬ್ಬರೂ ಪಾಳಿ ಹಾಕಿಕೊಳ್ಳಿ. ನಾನು ಹನ್ನೊಂದರವರೆಗೆ, ನಮ್ಮವರು ಆಮೇಲೆ. ಒಬ್ಬರು ಕಂಡರೆ ಇನ್ನೊಬ್ಬರನ್ನು ಎಬ್ಬಿಸಲೇಬೇಕು ಅಂತ ಮೊದಲೇ ಮಾತಾಡಿಕೊಂಡಿದ್ದೆವು.

ಐದನೇ ರಾತ್ರಿ ಟ್ರೊಮ್ಸೊ ಬಿಟ್ಟು ನಾಲ್ಕೈದು ಗಂಟೆ ಆಗಿತ್ತು. ನನ್ನ ಪಾಳಿ. ಬೆಟ್ಟದ ಮೇಲೆ ಬೂದು ಬಣ್ಣದ ಒಂದು ಎಳೆ ಕಂಡಿತು. ನಮ್ಮ ಬಚ್ಚಲೊಲೆ ಹೊಗೆ ಹಂಚಿನ ಸಂದಿಯಿಂದ ಏಳುವ ಹಾಗೆ. ಮೋಡ ಅಂತ ಸುಮ್ನೆ ಬಿಡುತ್ತಿದ್ದೆ. ಫೋನ್ ಎತ್ತಿ ಫೋಟೋ ತೆಗೆದರೆ ಪರದೆಯಲ್ಲಿ ಹಸಿರು! ಮಂದ ಬೆಳಕು ಬರಿಗಣ್ಣಿಗೆ ಹೀಗೇ ಕಾಣುತ್ತದೆ, ಆದ್ದರಿಂದ ಅನುಮಾನ ಬಂದಾಗಲೆಲ್ಲ ಒಂದು ಫೋಟೋ ತೆಗೆದು ನೋಡಿ. ಕೆಳಗೆ ಓಡಿ ಇವರನ್ನು ಎಬ್ಬಿಸಿ ಕರೆತರುವಷ್ಟರಲ್ಲಿ ಅದು ತಲೆ ಮೇಲೆ ಬಂದು, ಸೀರೆ ಕೊಡವಿದ ಹಾಗೆ ಅಲುಗುತ್ತಿತ್ತು. ಈಗ ಬರಿಗಣ್ಣಿಗೂ ಹಸಿರು. ಇವರು ಮಾತಾಡಲಿಲ್ಲ, ನನ್ನ ಕೈಗವಸಿನ ಕೈ ಹಿಡಿದು ನಿಂತರು.

ಫೋಟೋಗೆ ಫ್ಲಾಶ್ ಬೇಡ. ನೈಟ್ ಮೋಡ್ ಮೂರು ಸೆಕೆಂಡಿಗಿಂತ ಜಾಸ್ತಿ ಇಟ್ಟರೆ ಹಡಗಿನ ಅಲುಗಾಟಕ್ಕೆ ಚಿತ್ರ ಕದಡುತ್ತದೆ. ಚಳಿಗೆ ಬ್ಯಾಟರಿ ಬೇಗ ಇಳಿಯುವುದರಿಂದ ಫೋನನ್ನು ಒಳಜೇಬಿನಲ್ಲಿ ಇಟ್ಟುಕೊಳ್ಳಿ.

ಬೆಳಕು ಕಾಣದ ರಾತ್ರಿಯಲ್ಲೂ ಒಮ್ಮೆ ಎದ್ದು ಸಣ್ಣ ಬಂದರು ನೋಡಿ. ನಮಗೆ ಬೆಳಕು ಕಂಡ ಆ ರಾತ್ರಿಯೇ ಎರಡರ ಹೊತ್ತಿಗೆ ಓಕ್ಸ್‌ಫ್ಯೋರ್ಡ್‌ನಲ್ಲಿ ಹಡಗಿನ ಪಕ್ಕದ ಬಾಗಿಲು ತೆರೆಯಿತು. ಫೋರ್ಕ್‌ಲಿಫ್ಟ್ ಒಂದು ಹಿಮದ ಮೇಲೆ ಓಡಾಡಿ ಮರದ ಹಲಗೆ ಮೇಲೆ ಜೋಡಿಸಿದ ಪೆಟ್ಟಿಗೆ ಇಳಿಸಿತು. ಗಿಟಾರ್ ಚೀಲ ಹೊತ್ತ ಹುಡುಗನೊಬ್ಬ ಇಳಿದ. ದಡದಲ್ಲಿ ದೀಪ ಹಚ್ಚಿ ನಿಂತಿದ್ದ ಕಾರಿನಿಂದ ಅವನ ತಾಯಿ ಇರಬೇಕು, ಇಳಿದು ಬಂದು ಚೀಲ ತಗೊಂಡಳು. ಹಡಗು ಮತ್ತೆ ಹೊರಟಿತು.

ಕೊನೆಯ ದಿನ ಮಧ್ಯಾಹ್ನ ಬರ್ಗೆನ್ ತಲುಪುತ್ತೀರಿ. ಹವಾಮಾನ ಕೆಟ್ಟರೆ ತಡವಾಗಬಹುದು, ವಿಮಾನ ಮರುದಿನಕ್ಕೇ ಇರಲಿ. ನಾವು ಆ ರಾತ್ರಿ ಹೋಟೆಲಿನಲ್ಲಿದ್ದೆವು. ಎರಡು ಗಂಟೆಗೆ ಎಚ್ಚರವಾದಾಗ ಇವರು ಪರದೆ ಸರಿಸಿ ಕಿಟಕಿ ಹತ್ತಿರ ನಿಂತಿದ್ದರು. ಹೊರಗೆ ಮಳೆ ಸುರಿಯುತ್ತಿತ್ತು.