ತಾರಸಿಗೆ ಮೋಲ್ಡ್ ಹಾಕಿಸುವಾಗ ನಾನು ನೋಡುವುದು

ಮೂವತ್ತು–ನಲವತ್ತರ ಸೈಟು, ಹತ್ತು ಚದರದ ತಾರಸಿ, ಐದಿಂಚು ದಪ್ಪ. ನಾನು ನಿಂತು ಮಾಡಿಸುವ ಮನೆಗಳು ಹೆಚ್ಚುಕಡಿಮೆ ಇದೇ ಅಳತೆಯವು. ಹಾಗಾಗಿ ಲೆಕ್ಕವೆಲ್ಲ ಇದಕ್ಕೇ ಹೇಳುತ್ತೇನೆ. ಹೆಚ್ಚಿನ ಮನೆಯವರು ಮಿಲ್ಲರ್ (ಕಾಂಕ್ರೀಟು ಕಲಸುವ ಯಂತ್ರ) ತಿರುಗಲು ಶುರುವಾದ ಮೇಲೆ ಮೇಲೆ ಹತ್ತಿ ನಿಂತು ನೋಡುತ್ತಾರೆ. ಆ ಹೊತ್ತಿಗೆ ತಾರಸಿಯ ಹಣೆಬರಹ ಮುಕ್ಕಾಲು ಪಾಲು ಬರೆದಾಗಿರುತ್ತದೆ. ತಾರಸಿಗೆ ಕೆಳಗಿನಿಂದ ಊರೆ ಕೊಡುವ ಜಾಕಿಗಳ ಬುಡ, ಮೇಲಿನ ಕಂಬಿಯ ಎತ್ತರ, ಕಲಸುವ ನೀರು: ಮರುದಿನ ಯಾರ ಕಣ್ಣಿಗೂ ಕಾಣದ ಈ ಮೂರರಲ್ಲೇ ನನ್ನ ಸಮಯ ಹೋಗುತ್ತದೆ.

ಮೊದಲು ಸಾಮಾನು. 1000 ಚದರಡಿಗೆ ಐದಿಂಚು ಎಂದರೆ ಸ್ಲ್ಯಾಬ್ ಒಂದಕ್ಕೇ ಸುಮಾರು 11.8 ಘನ ಮೀಟರ್ ಕಾಂಕ್ರೀಟು. ಕೆಳಗಿಳಿಯುವ ಬೀಮುಗಳನ್ನು ಸೇರಿಸಿದರೆ 14ರ ಆಸುಪಾಸು. ಎಂ20 ಎಂಬ ಬಲದ ದರ್ಜೆಯ ಕಾಂಕ್ರೀಟಿಗೆ ಸಿಮೆಂಟು, ಮರಳು, ಜಲ್ಲಿ 1:1.5:3 ಹಾಕಿದರೆ ಘನ ಮೀಟರಿಗೆ 8 ಮೂಟೆ ಸಿಮೆಂಟು, ಅಲ್ಲಿಗೆ 112 ಮೂಟೆ. ಎಂ-ಸ್ಯಾಂಡ್ 210 ಘನ ಅಡಿ, ಜಲ್ಲಿ 415 ಘನ ಅಡಿ. ನಾನು 120 ಮೂಟೆ, 250 ಅಡಿ ಮರಳು, 450 ಅಡಿ ಜಲ್ಲಿ ತರಿಸುತ್ತೇನೆ. ಉಳಿದದ್ದು ಗೋಡೆ ಕೆಲಸಕ್ಕೆ ಬರುತ್ತದೆ. ಸಾಲದೆ ಬಂದರೆ ಸಾಯಂಕಾಲ ನಾಲ್ಕು ಗಂಟೆಗೆ ಯಾರೂ ಅರ್ಧ ಲೋಡು ತಂದುಕೊಡುವುದಿಲ್ಲ. ನಕ್ಷೆಯಲ್ಲಿ ಎಂ25 ಎಂದು ಬರೆದಿದ್ದರೆ ಈ ಪ್ರಮಾಣದ ಲೆಕ್ಕ ನಡೆಯದು, ಡಿಸೈನ್ ಮಿಕ್ಸ್ (ಆ ಬಲಕ್ಕೆಂದೇ ಲೆಕ್ಕ ಹಾಕಿದ ಮಿಶ್ರಣ) ಬೇಕು. ಅಳತೆಗೆ 35 ಲೀಟರಿನ ಮರದ ಫರ್ಮಾ ಇಟ್ಟುಕೊಳ್ಳುತ್ತೇನೆ, ಒಂದು ಮೂಟೆ ಸಿಮೆಂಟಿನ ಗಾತ್ರವೂ ಅಷ್ಟೇ. ಒಂದು ಮೂಟೆಗೆ ಒಂದೂವರೆ ಫರ್ಮಾ ಮರಳು, ಮೂರು ಫರ್ಮಾ ಜಲ್ಲಿ. ಬಾಂಡ್ಲಿ ಎಣಿಸಿದರೆ ಬೆಳಗ್ಗೆ ತುಂಬಿದ ಬಾಂಡ್ಲಿಗೂ ಮಧ್ಯಾಹ್ನ ತುಂಬಿದ ಬಾಂಡ್ಲಿಗೂ ತಾಳೆಯಾಗುವುದಿಲ್ಲ.

ಇನ್ನು ಸೆಂಟ್ರಿಂಗ್, ಅಂದರೆ ಕಾಂಕ್ರೀಟು ಗಟ್ಟಿಯಾಗುವವರೆಗೆ ಅದನ್ನು ಹೊರುವ ಶೀಟು, ಜಾಕಿಗಳ ಕಟ್ಟು. ಹದಿನಾಲ್ಕು ಘನ ಮೀಟರ್ ಹಸಿ ಕಾಂಕ್ರೀಟು ಎಂದರೆ 35 ಟನ್. ಮೂರಡಿಗೊಂದು ಜಾಕಿ ಕೊಟ್ಟರೂ ಒಂದೊಂದರ ಮೇಲೆ ಕಾಂಕ್ರೀಟಿನದೇ 260 ಕಿಲೋ ಕೂರುತ್ತದೆ. ಶೀಟು, ಕಂಬಿ, ಓಡಾಡುವ ಆಳುಗಳು ಬೇರೆ. ಅಷ್ಟು ಭಾರ ಇಳಿಯುವುದು ಅಂಗೈ ಅಗಲದ ಕಬ್ಬಿಣದ ಪ್ಲೇಟಿನ ಮೇಲೆ. ಅದರ ಕೆಳಗಿರುವುದು ಪ್ಲಿಂತಿಗೆ, ಅಂದರೆ ಮನೆಯ ನೆಲ ಎತ್ತರಿಸಲು ತುಂಬಿದ ಮಣ್ಣು. ಕಾಲಂಗೆ ಹಾಕಿದ ನೀರು ಇಳಿದು ಆ ಮಣ್ಣು ಮೆತ್ತಗಾಗಿದ್ದರೆ ಜಾಕಿ ಅರ್ಧ ಇಂಚು ಕೂರಲು ಹೆಚ್ಚು ಹೊತ್ತು ಬೇಕಿಲ್ಲ. ಅದಕ್ಕೇ ನೆಲದ ಬೆಡ್ ಕಾಂಕ್ರೀಟನ್ನು ಸೆಂಟ್ರಿಂಗಿಗೆ ಮೊದಲೇ ಹಾಕಿಸುವುದು ನನ್ನ ಕ್ರಮ. ಹೇಗಿದ್ದರೂ ಮುಂದೆ ಹಾಕಲೇಬೇಕಾದ ಖರ್ಚು ಅದು. ಮನೆಯವರು ಒಪ್ಪದಿದ್ದರೆ ಜಾಕಿ ಸಾಲಿನ ಉದ್ದಕ್ಕೂ ಒಂದೂವರೆ ಇಂಚು ದಪ್ಪದ ಹಲಗೆ ಹಾಸಿಸುತ್ತೇನೆ. ತುಂಡು ಇಟ್ಟಿಗೆ, ಸೈಜುಗಲ್ಲಿನ ಚೂರು ಇಟ್ಟು ಎತ್ತರ ಸರಿಮಾಡಿದ್ದು ಕಂಡರೆ ತೆಗೆಸಿಬಿಡುತ್ತೇನೆ. ಇಟ್ಟಿಗೆ ಒಡೆದರೆ ಮೇಲೆ ತಿಳಿಯುವಷ್ಟರಲ್ಲಿ ಸ್ಲ್ಯಾಬ್ ಹೊಟ್ಟೆ ಬಿಟ್ಟಿರುತ್ತದೆ. ಬೀಮಿನ ತಳಕ್ಕೆ ಎರಡಡಿಗೊಂದು ಜಾಕಿ. ಕಾರು ನಿಲ್ಲಿಸುವ ಜಾಗದಲ್ಲಿ ಎತ್ತರ ಹೆಚ್ಚಿರುವುದರಿಂದ ಎರಡೂ ದಿಕ್ಕಿಗೆ ಅಡ್ಡಪಟ್ಟಿ ಬಿಗಿಯಬೇಕು. ಜಾಕಿಯ ಮೇಲೆ ಜಾಕಿ ನಿಲ್ಲಿಸುವುದಕ್ಕೆ ನನ್ನ ಸೈಟಿನಲ್ಲಿ ಅವಕಾಶವಿಲ್ಲ.

ಶೀಟುಗಳ ಸಂದಿಗೆ ಟೇಪು ಹಾಕಿಸಿ. ಸಿಮೆಂಟು ಹಾಲು ಸೋರಿಹೋದ ಕಡೆ ಜಲ್ಲಿ ಮಾತ್ರ ಉಳಿದು, ಸೆಂಟ್ರಿಂಗ್ ಬಿಚ್ಚಿದಾಗ ಜೇನುಗೂಡು ಕಾಣುತ್ತದೆ. ಎಣ್ಣೆಯನ್ನು ಕಂಬಿ ಏರಿಸುವ ಮೊದಲೇ ಬಳಿಯಬೇಕು. ಕಂಬಿ ಕಟ್ಟಿದ ಮೇಲೆ ಬಳಿಯಲು ಹೋದರೆ ಕಂಬಿಗೂ ಹತ್ತಿ ಕಾಂಕ್ರೀಟಿನ ಹಿಡಿತ ಹೋಗುತ್ತದೆ. ಗ್ಯಾರೇಜಿನ ಹಳೇ ಎಂಜಿನ್ ಆಯಿಲ್ ಅಗ್ಗವೇ ಸರಿ, ಆದರೆ ಕಪ್ಪು ಕಲೆ ಉಳಿಯುತ್ತದೆ, ಆಮೇಲೆ ಸೀಲಿಂಗ್ ಗಾರೆ ನಿಲ್ಲುವುದಿಲ್ಲ.

ಕಂಬಿ ಪರೀಕ್ಷೆಯನ್ನು ಹಿಂದಿನ ದಿನ ಸಂಜೆ ಬೆಳಕಿರುವಾಗಲೇ ಮುಗಿಸುತ್ತೇನೆ, ಮೋಲ್ಡ್ ದಿನ ಬೆಳಗ್ಗೆ ಮಾಡುವುದಿಲ್ಲ. ಬೆಳಗ್ಗೆ ಏಳಕ್ಕೆ ಗ್ಯಾಂಗು ಬಂದು ನಿಂತಿರುವಾಗ, 'ಈ ಕಂಬಿ ಬಿಚ್ಚಿ ಕಟ್ಟಿ' ಎಂದರೆ ಮೇಸ್ತ್ರಿಯೂ ಕೇಳುವುದಿಲ್ಲ, ಮನೆಯವರೂ 'ಇರಲಿ ಬಿಡಿ ಸಾರ್' ಎನ್ನುತ್ತಾರೆ. ನಕ್ಷೆ ಕೈಯಲ್ಲಿ ಹಿಡಿದು ಅಂತರ ಅಳೆಯುತ್ತೇನೆ. ಫೆ500 ದರ್ಜೆಯ ಕಂಬಿ, ಎಂ20 ಕಾಂಕ್ರೀಟಿಗೆ ಜೋಡಣೆಯಲ್ಲಿ ಎರಡು ಕಂಬಿ ಒಂದರ ಪಕ್ಕ ಒಂದು ಹಾಯಬೇಕಾದ ಉದ್ದ ಕಂಬಿ ದಪ್ಪದ 57 ಪಟ್ಟು: 10 ಮಿ.ಮೀ.ಗೆ 57 ಸೆಂ.ಮೀ., 12ಕ್ಕೆ 68. ಎಲ್ಲ ಜೋಡಣೆಯೂ ಒಂದೇ ಗೆರೆಯಲ್ಲಿ ಬಂದಿದ್ದರೆ ಅಲ್ಲೇ ಬಿರುಕು ಕಾಯುತ್ತಿದೆ ಎಂದು ತಿಳಿಯಿರಿ.

ಸ್ಲ್ಯಾಬಿನ ತಳಕ್ಕೆ 20 ಮಿ.ಮೀ., ಬೀಮಿಗೆ ತಳ ಮತ್ತು ಪಕ್ಕ ಎರಡೂ ಕಡೆ 25 ಮಿ.ಮೀ. ಕವರ್ ಬ್ಲಾಕ್ (ಕಂಬಿ ಶೀಟಿಗೆ ತಾಗದಂತೆ ಇಡುವ ಬಿಲ್ಲೆ), ಮೂರಡಿಗೊಂದು. ಕಂಬಿಯ ಕೆಳಗೆ ಜಲ್ಲಿ ಕಲ್ಲು ತುರುಕುವ ಅಭ್ಯಾಸ ಇನ್ನೂ ಇದೆ. ಯಾರಾದರೂ ತುಳಿದರೆ ಅದು ಸರಿಯುತ್ತದೆ, ಕಂಬಿ ಶೀಟಿಗೆ ತಾಗಿ ಕೂರುತ್ತದೆ, ಕೆಲವು ಮಳೆಗಾಲ ಕಳೆದ ಮೇಲೆ ತುಕ್ಕು ಹಿಡಿದು ಗಾರೆ ಉದುರುತ್ತದೆ.

ಇದಕ್ಕಿಂತ ದೊಡ್ಡ ವಿಷಯ ಮೇಲಿನ ಕಂಬಿ. ಬೀಮಿನ ಮೇಲೆ ಹಾದುಹೋಗುವ ಎಕ್ಸ್‌ಟ್ರಾ ಕಂಬಿ, ಬಾಲ್ಕನಿ ಮತ್ತು ಸಜ್ಜದ ಮುಖ್ಯ ಕಂಬಿ ಇವೆಲ್ಲ ಮೇಲ್ಭಾಗದಲ್ಲೇ ಉಳಿಯಬೇಕು. ಐದಿಂಚಿನ ಸ್ಲ್ಯಾಬಿಗೆ ಕೆಳಗಿನ ಕಂಬಿಜಾಲದ ಮೇಲೆ ಕೂರಿಸಿ ಮೇಲಿನ ಕಂಬಿಯನ್ನು ಎತ್ತಿ ಹಿಡಿಯುವ ಚೇರಿನ ಎತ್ತರ ಸುಮಾರು 60 ಮಿ.ಮೀ. ಬರುತ್ತದೆ. ಚೇರನ್ನು 12 ಮಿ.ಮೀ. ಕಂಬಿಯಲ್ಲೇ ಬಗ್ಗಿಸಿ, ಮೀಟರಿಗೊಂದರಂತೆ ಕೊಡಬೇಕು. 8 ಮಿ.ಮೀ. ಚೇರು ಆಳು ಹತ್ತಿದರೆ ಮಡಚಿಕೊಳ್ಳುತ್ತದೆ. ಮೇಲಿನ ಕಂಬಿ ಒಂದಿಂಚು ಕುಸಿದರೆ ಆ ಜಾಗದ ಬಲ ನಾಲ್ಕನೇ ಒಂದು ಪಾಲು ಹೋಯಿತು. ನಾಲ್ಕು ಕಡೆ ಆಧಾರವಿರುವ ರೂಮಿನ ಸ್ಲ್ಯಾಬಾದರೆ ಹೇಗೋ ತಡೆದುಕೊಂಡೀತು. ಹೊರಕ್ಕೆ ಚಾಚಿದ ಬಾಲ್ಕನಿಗೆ ಬೇರೆ ಆಸರೆಯೇ ಇಲ್ಲ. ಆದ್ದರಿಂದ ಕಾಂಕ್ರೀಟು ಹೊತ್ತು ಓಡಾಡುವ ದಾರಿಗೆ ಹಲಗೆ ಹಾಕಿಸುತ್ತೇನೆ, ಬಾಲ್ಕನಿಯ ಹತ್ತಿರ ಕಂಬಿ ಎತ್ತಿ ಹಿಡಿಯಲು ಒಬ್ಬ ಕಂಬಿ ಕೆಲಸದವನನ್ನು ಮೋಲ್ಡ್ ಮುಗಿಯುವವರೆಗೂ ಇರಿಸಿಕೊಳ್ಳುತ್ತೇನೆ. ಅವನ ಒಂದು ದಿನದ ಕೂಲಿಯನ್ನು ಮೊದಲೇ ಮಾತಾಡಿಕೊಂಡಿರಬೇಕು, ಇಲ್ಲದಿದ್ದರೆ ಹಿಂದಿನ ದಿನವೇ ಗಂಟುಮೂಟೆ ಕಟ್ಟಿರುತ್ತಾನೆ.

ಎಲೆಕ್ಟ್ರಿಷಿಯನ್ ಯಾವಾಗಲೂ ಕೊನೆಗೆ ಬರುತ್ತಾನೆ. ಕೆಳಗಿನ ಜಾಲ ಆದ ಮೇಲೆ, ಮೇಲಿನ ಕಂಬಿಗೆ ಮೊದಲು ಅವನ ಸರದಿ. ವೈರಿನ ಪೈಪುಗಳೆಲ್ಲ ಡಿಬಿ ಬೋರ್ಡಿನ (ಮನೆಗೆಲ್ಲ ಕರೆಂಟು ಹಂಚುವ ಪೆಟ್ಟಿಗೆ) ಹತ್ತಿರ ಗೊಂಚಲಾಗಿ ಸೇರುತ್ತವೆ. ಅವುಗಳ ನಡುವೆ ಜಲ್ಲಿ ಇಳಿಯುವಷ್ಟು, ಅಂದರೆ ಒಂದಿಂಚಿಗಿಂತ ಹೆಚ್ಚು ಜಾಗ ಬಿಡಿಸುತ್ತೇನೆ. ಪೈಪು ಕೂರಿಸಲು ಕಂಬಿ ಕತ್ತರಿಸಬಾರದು. ಫ್ಯಾನ್ ಬಾಕ್ಸಿನೊಳಗೆ ಒದ್ದೆ ಪೇಪರು ತುರುಕಿ ಬಾಯಿಗೆ ಟೇಪು ಹಾಕಿಸಿ, ಹುಕ್ ಕಂಬಿಯನ್ನು ಜಾಲಕ್ಕೇ ಕಟ್ಟಿಸಿ. ಮಳೆ ನೀರಿನ ಪೈಪಿನ ತೂತುಗಳನ್ನೂ ಈಗಲೇ ಬಿಡಬೇಕು, ಆಮೇಲೆ ಒಡೆದು ಮಾಡಿದ ತೂತು ಸೋರದೆ ಇರುವುದು ಅಪರೂಪ. ಎಲ್ಲ ಮುಗಿದ ಮೇಲೆ ರೂಮು ರೂಮಿನ ಫೋಟೋ ತೆಗೆದಿಟ್ಟುಕೊಳ್ಳುತ್ತೇನೆ. ಮುಂದೆ ಯಾರಾದರೂ ಡ್ರಿಲ್ಲಿಂಗ್ ಮೆಷಿನ್ ಹಿಡಿದು ಬಂದಾಗ ಪೈಪು ಎಲ್ಲಿದೆ ಎಂದು ಆ ಫೋಟೋ ಹೇಳುತ್ತದೆ.

ಮೋಲ್ಡ್ ದಿನದ ಬೆಳಗ್ಗೆ ಮನೆಯವರಿಗೆ ಪೂಜೆ, ರಾಹುಕಾಲದ ಲೆಕ್ಕ ಇರುತ್ತದೆ. ಗ್ಯಾಂಗು ಕಾಯದ ಹಾಗೆ ರಾಹುಕಾಲಕ್ಕೆ ಮೊದಲೇ ಪೂಜೆ ಮಾಡಿ ಒಂದು ಬೀಮಿಗೆ ಮೊದಲ ಬಾಂಡ್ಲಿ ಹಾಕಿಸಿ ಎನ್ನುತ್ತೇನೆ. ಆದರೆ ಅದಾದ ಮೇಲೆ ಕೆಲಸ ನಿಲ್ಲಬಾರದು. ಒಂದು ಮೂಟೆಯ ಮಿಲ್ಲರಿನಲ್ಲಿ ತುಂಬಿ, ಕನಿಷ್ಠ ಎರಡು ನಿಮಿಷ ತಿರುಗಿಸಿ, ಸುರಿಯಲು ಎಲ್ಲ ಸೇರಿ ನಾಲ್ಕು ನಿಮಿಷ ಹಿಡಿಯಿರಿ. 112 ಮೂಟೆಗೆ ಏಳೂವರೆ ತಾಸು. ಏಳೂವರೆಗೆ ಶುರುಮಾಡಿದರೆ ಊಟ ತಿಂಡಿ ಸೇರಿ ನಾಲ್ಕು ಗಂಟೆ. ಏಪ್ರಿಲ್, ಮೇ ತಿಂಗಳಲ್ಲಿ ಮಳೆ ಮೋಡ ಕಟ್ಟುವುದೂ ಅದೇ ಹೊತ್ತಿಗೆ, ಆದ್ದರಿಂದ ಒಂಬತ್ತಕ್ಕೆ ಶುರುಮಾಡಲು ನಾನು ಒಪ್ಪುವುದಿಲ್ಲ. ಟಾರ್ಪಾಲು ಮೊದಲೇ ಮೇಲಿರಬೇಕು.

ನಾನು ನಿಲ್ಲುವ ಜಾಗ ನೀರಿನ ಡ್ರಮ್ಮಿನ ಪಕ್ಕ. ನೀರು–ಸಿಮೆಂಟಿನ ಪ್ರಮಾಣ 0.55 ಎಂದರೆ ಮೂಟೆಗೆ ಇಪ್ಪತ್ತೇಳೂವರೆ ಲೀಟರು. ಅದರಲ್ಲಿ ಮರಳಿನ ತೇವವೂ ಸೇರಿದೆ. ಒಂದು ಮೂಟೆಗೆ ಬೀಳುವ ಒದ್ದೆ ಎಂ-ಸ್ಯಾಂಡ್ ಸುಮಾರು 80 ಕಿಲೋ. ಐದು ಪರ್ಸೆಂಟ್ ತೇವವಿದ್ದರೆ ನಾಲ್ಕು ಲೀಟರು ಅಲ್ಲೇ ಬಂತು. ಬಕೆಟಿಗೆ ಪೇಂಟಿನಲ್ಲಿ ಗೆರೆ ಹಾಕಿ, 23 ಲೀಟರಿನಿಂದ ಶುರು ಮಾಡಿಸುತ್ತೇನೆ. ನೀರು ಜಾಸ್ತಿಯಾದರೆ ಸುರಿಯುವುದು, ಎಳೆಯುವುದು ಸಲೀಸು, ಹೀಗಾಗಿ ಗ್ಯಾಂಗಿಗೆ ನೀರೆಂದರೆ ಪ್ರೀತಿ. ನಾನು ಆ ಕಡೆ ಹೋದರೆ ಈ ಕಡೆ ಅರ್ಧ ಬಕೆಟ್ ಹೆಚ್ಚೇ ಬೀಳುತ್ತದೆ. ಆ ಹೆಚ್ಚಿನ ನೀರು ಆರಿಹೋಗಿ ಬಿಟ್ಟ ರಂಧ್ರಗಳಲ್ಲೇ ಮಳೆಗಾಲದಲ್ಲಿ ತಾರಸಿ ಬೆವರುವುದು. ಮನೆಯವರು ಆಮೇಲೆ ವಾಟರ್‌ಪ್ರೂಫಿಂಗಿಗೆ ಕೊಡುವ ದುಡ್ಡಿನಲ್ಲಿ ಒಂದು ಪಾಲು ಈ ಬಕೆಟಿನದು. ಗಟ್ಟಿಯಾಗಿ ಕೆಲಸ ಸಾಗದಿದ್ದರೆ ಪ್ಲಾಸ್ಟಿಸೈಜರ್ (ನೀರು ಹೆಚ್ಚಿಸದೆ ಸಡಿಲ ಮಾಡುವ ದ್ರಾವಣ) ಹಾಕಿ, ಡಬ್ಬದ ಮೇಲೆ ಬರೆದಷ್ಟೇ. ಹದ ನೋಡುವ ಸ್ಲಂಪ್ ಕೋನಿನಲ್ಲಿ ಕಾಂಕ್ರೀಟು ತುಂಬಿ ಕೋನನ್ನು ಎತ್ತಿದಾಗ 75ರಿಂದ 100 ಮಿ.ಮೀ. ಕುಸಿದರೆ ಸಾಕು.

ಸುರಿಯುವುದು, ಕಾಂಕ್ರೀಟು ಮೇಲೇರಿಸುವ ಲಿಫ್ಟಿನಿಂದ ದೂರದ ಮೂಲೆಯಿಂದ ಹಿಂದಕ್ಕೆ. ಮೊದಲು ಬೀಮು ತುಂಬಿ, ಅದು ಹಸಿಯಿರುವಾಗಲೇ ಮೇಲಿನ ಸ್ಲ್ಯಾಬ್. ವೈಬ್ರೇಟರ್ ಸೂಜಿಯನ್ನು ನೇರ ಇಳಿಸಿ, ಗುಳ್ಳೆ ನಿಂತ ಕೂಡಲೇ ನಿಧಾನಕ್ಕೆ ಮೇಲೆತ್ತಬೇಕು, ಅದಕ್ಕೆ ಹತ್ತು ಹದಿನೈದು ಸೆಕೆಂಡು. ಕಾಂಕ್ರೀಟು ತಳ್ಳಲು ಅದನ್ನು ಬಳಸಿದರೆ ಜಲ್ಲಿ ಒಂದು ಕಡೆ, ಹಾಲು ಒಂದು ಕಡೆ. ಇನ್ನೊಂದು ಸೂಜಿ ಮತ್ತು ಪೆಟ್ರೋಲು ಇಲ್ಲದೆ ನಾನು ಕೆಲಸ ಶುರುಮಾಡಿಸುವುದಿಲ್ಲ. ದಪ್ಪಕ್ಕೆ ಐದಿಂಚಿನ ಗುರುತಿರುವ ಕಂಬಿಯನ್ನು ಅಲ್ಲಲ್ಲಿ ಚುಚ್ಚಿ ನೋಡುತ್ತಿರಬೇಕು. ಹತ್ತು ಚದರಕ್ಕೆ ಅರ್ಧ ಇಂಚು ಹೆಚ್ಚಾದರೆ ಒಂಬತ್ತು ಹತ್ತು ಮೂಟೆ ಸಿಮೆಂಟು, ಮೂರು ಟನ್ ಭಾರ ಸುಮ್ಮನೆ ಏರಿತು. ಕೆಳಗೆ, ಸೆಂಟ್ರಿಂಗ್‌ನವರಲ್ಲಿ ಒಬ್ಬ ಸುತ್ತಿಗೆ ಮತ್ತು ನಾಲ್ಕೈದು ಹೆಚ್ಚುವರಿ ಜಾಕಿ ಇಟ್ಟುಕೊಂಡು ಕೊನೆಯವರೆಗೆ ಸುತ್ತುತ್ತಿರಬೇಕು. ಬೀಮಿನ ತಳಕ್ಕೆ ಕಟ್ಟಿದ ದಾರ ಎಲ್ಲಿ ಸಡಿಲವಾಯಿತೋ ಅಲ್ಲಿಗೆ ಜಾಕಿ.

ಊಟ ಎರಡು ಸರದಿಯಲ್ಲಿ. ಮೋಲ್ಡ್ ದಿನ ಮನೆಯವರು ಬಿರಿಯಾನಿ ಕೊಡಿಸುವ ಕಡೆ ಇಡೀ ಗ್ಯಾಂಗು ಒಟ್ಟಿಗೆ ಕೂತರೆ ಬಿಸಿಲಿನಲ್ಲಿ ಅಂಚಿನ ಕಾಂಕ್ರೀಟು ಬಿಗಿದುಕೊಳ್ಳುತ್ತದೆ, ಅದರ ಪಕ್ಕಕ್ಕೆ ಹೊಸದು ಹಾಕಿದರೆ ಸಂದು ಉಳಿಯುತ್ತದೆ. ಮಿಲ್ಲರ್ ಕೆಟ್ಟು ನಿಲ್ಲಿಸಲೇಬೇಕಾದರೆ ರೂಮಿನ ನಡುಭಾಗದಲ್ಲಿ, ಹಲಗೆ ಅಡ್ಡ ಕೊಟ್ಟು ನೇರಕ್ಕೆ ನಿಲ್ಲಿಸುತ್ತೇನೆ. ಬೀಮಿನ ಪಕ್ಕದಲ್ಲಿ ಎಂದೂ ಇಲ್ಲ. ಮತ್ತೆ ಶುರುಮಾಡುವಾಗ ಮುಖವನ್ನು ಕೆರೆದು, ತೊಳೆದು, ಸಿಮೆಂಟು ಹಾಲು ಬಳಿದು ಮುಂದುವರಿಸಬೇಕು.

ರೆಡಿಮಿಕ್ಸ್ (ಕಲಸಿಯೇ ಲಾರಿಯಲ್ಲಿ ಬರುವ ಕಾಂಕ್ರೀಟು) ತರಿಸಿದರೆ ನೀರಿನ ಕಾವಲು ಲಾರಿ ಹತ್ತಿರಕ್ಕೆ ಹೋಗುತ್ತದೆ, ಅಷ್ಟೇ. ಚಲನ್‌ನಲ್ಲಿ ಕಲಸಿದ ಹೊತ್ತು ನೋಡಿ, ಎರಡು ತಾಸಿನೊಳಗೆ ಖಾಲಿಯಾಗಬೇಕು. ಡ್ರೈವರ್ ಪೈಪು ಹಿಡಿದು ಡ್ರಮ್ಮಿಗೆ ನೀರು ಬಿಡದಂತೆ ನೋಡಿಕೊಳ್ಳಿ. ಎಲ್ಲಿಂದ ಬಂದ ಕಾಂಕ್ರೀಟಾದರೂ 14 ಘನ ಮೀಟರಿಗೆ ಎರಡು ಸ್ಯಾಂಪಲ್, ಒಂದೊಂದಕ್ಕೆ ಬಲ ಪರೀಕ್ಷೆಯ ಮೂರು ಕ್ಯೂಬು ತುಂಬಿಸುತ್ತೇನೆ.

ಕೈ ಒತ್ತಿದರೆ ಗುರುತು ಬೀಳದ ಹೊತ್ತಿಗೆ ಒದ್ದೆ ಗೋಣಿಚೀಲ, ಮರುದಿನ ಬೆಳಗ್ಗೆ ಮಣ್ಣಿನ ಕಟ್ಟೆ. ಗಾಳಿ ಬಿಸಿಲಿರುವ ದಿನ ಅಂದೇ ಸಂಜೆ ಕೂದಲೆಳೆಯ ಬಿರುಕು ಕಾಣುವುದುಂಟು. ಇನ್ನೂ ಹಸಿಯಿರುವಾಗ ಕರಣೆಯಿಂದ ಒತ್ತಿ ಉಜ್ಜಿದರೆ ಮುಚ್ಚಿಕೊಳ್ಳುತ್ತದೆ. ಎರಡಿಂಚು ನೀರು ನಿಲ್ಲಿಸಲು ಹತ್ತು ಚದರಕ್ಕೆ 4,700 ಲೀಟರು ಬೇಕು, ಅಂದರೆ ಒಂದು ಟ್ಯಾಂಕರು. ಬೋರ್ ಬತ್ತಿದ ಬಡಾವಣೆಯಲ್ಲಿ ಇದನ್ನು ಮೊದಲೇ ಹೇಳಿಟ್ಟಿರಬೇಕು. ಪಿಪಿಸಿ (ಹಾರುಬೂದಿ ಬೆರೆತ) ಸಿಮೆಂಟಿಗೆ ಹತ್ತು ದಿನ ಕಡಿಮೆಯೆಂದರೆ ಕಡಿಮೆ, ಹದಿನಾಲ್ಕು ದಿನ ಒಳ್ಳೆಯದು.

ಸೆಂಟ್ರಿಂಗ್ ಬಿಚ್ಚುವ ದಿನಕ್ಕೆ ಕಾಂಕ್ರೀಟಿನ ಭಾರತೀಯ ಮಾನಕ ಐಎಸ್ 456 ಹೇಳುವುದು ಓಪಿಸಿ (ಬೂದಿ ಬೆರೆಸದ ಸಾದಾ) ಸಿಮೆಂಟಿನ ಲೆಕ್ಕ: ನಾಲ್ಕೂವರೆ ಮೀಟರಿನೊಳಗಿನ ಸ್ಲ್ಯಾಬಿನ ಜಾಕಿ 7 ದಿನ, ಅದಕ್ಕಿಂತ ಅಗಲಕ್ಕೆ 14, ಆರು ಮೀಟರಿನೊಳಗಿನ ಬೀಮಿಗೆ 14, ಅದರ ಮೇಲೆ 21. ಪಿಪಿಸಿ ಗಟ್ಟಿಯಾಗುವುದು ನಿಧಾನ, ಹಾಗಾಗಿ ನಾನು ಸ್ಲ್ಯಾಬನ್ನೂ 14 ದಿನಕ್ಕೆ ಮೊದಲು ಮುಟ್ಟಿಸುವುದಿಲ್ಲ. ಬಾಡಿಗೆ ಏರುತ್ತದೆಂದು ಸೆಂಟ್ರಿಂಗ್‌ನವರು ಗೊಣಗುತ್ತಾರೆ, ಅದನ್ನು ಕರಾರಿನಲ್ಲೇ ಬರೆಸಿಟ್ಟಿದ್ದರೆ ಗೊಣಗಾಟ ಅಲ್ಲಿಗೇ ನಿಲ್ಲುತ್ತದೆ. ರೂಮಿನಲ್ಲಿ ನಡುವಿನಿಂದ ಬೀಮಿನ ಕಡೆಗೆ ಬಿಚ್ಚಬೇಕು, ಬಾಲ್ಕನಿಯಲ್ಲಿ ಹೊರ ಅಂಚಿನಿಂದ ಒಳಕ್ಕೆ. ಬಾಲ್ಕನಿಯನ್ನು ತಿರುಗುಮುರುಗಾಗಿ ಬಿಚ್ಚಿದರೆ ತುದಿಯಲ್ಲಿ ಉಳಿದ ಜಾಕಿ ಕಂಬಿಯಿಲ್ಲದ ತಳಭಾಗವನ್ನು ಎಳೆತಕ್ಕೆ ಸಿಕ್ಕಿಸುತ್ತದೆ.

ಬಿಚ್ಚಿದ ಕೂಡಲೇ ಸೀಲಿಂಗ್ ಪೂರ್ತಿ ನಾನೇ ನೋಡುತ್ತೇನೆ, ಅಲ್ಲಿಯವರೆಗೆ ಗಾರೆಯವರು ಒಳಗೆ ಬರುವಂತಿಲ್ಲ. ಸಣ್ಣ ಜೇನುಗೂಡಾದರೆ ಸಡಿಲವಾದದ್ದನ್ನು ಕೆತ್ತಿ, ತೊಳೆದು, ಕುಗ್ಗದ ಗ್ರೌಟ್ ತುಂಬಿಸಿದರೆ ಆಯಿತು. ಬೀಮಿನ ತಳದಲ್ಲಿ ಕಂಬಿ ಕಾಣುತ್ತಿದ್ದರೆ ಆ ಬೀಮಿನ ಜಾಕಿ ಮತ್ತೆ ಕೊಡಿಸಿ, ಸ್ಟ್ರಕ್ಚರಲ್ ಎಂಜಿನಿಯರ್ ಬಂದು ನೋಡುವವರೆಗೆ ಯಾರ ಕೈಗೂ ಕರಣೆ ಕೊಡಬೇಡಿ.