ಗಾಜಿನ ಹೆಂಚಿನ ಬಿಸಿಲುಕೋಲು: ಒಂದೂವರೆ ವರ್ಷದ ನನ್ನ ಅನುಭವ

ದೂರದ ಪ್ರಾಣಿಯನ್ನು ಹತ್ತಿರ ತೋರಿಸುವ ಟೆಲಿ ಲೆನ್ಸ್ ಮಾರಿದ ದಿನ ನಮ್ಮ ಕ್ಯಾಮೆರಾ ಗೆಳೆಯರ ಬಳಗದಲ್ಲಿ ಹಿರಿಯರೊಬ್ಬರು, "ಇನ್ನು ನಿಮ್ಮ ಫೋಟೋಗ್ರಫಿ ಮುಗಿಯಿತು, ಮನೆ ಆಲ್ಬಮ್ ಮಾಡಿಕೊಂಡಿರಿ" ಎಂದರು. ಕಳೆದ ವರ್ಷ ಅವರೇ ನಮ್ಮ ಮನೆಗೆ ಬಂದು, ನಡುಮನೆಯ ನೆಲದ ಮೇಲೆ ಅಂಗಾತ ಮಲಗಿ, ಸೂರಿನ ಗಾಜಿನ ಹೆಂಚನ್ನು ನೋಡುತ್ತಾ ಮುಕ್ಕಾಲು ಗಂಟೆ ಕಳೆದರು. ಆ ಹೆಂಚಿನಿಂದ ಇಳಿಯುವ ಬಿಸಿಲಿನಲ್ಲಿ ಚಿತ್ರ ತೆಗೆದದ್ದು ಹೇಗೆಂದು ಆಮೇಲೆ ಇನ್ನೂ ನಾಲ್ಕೈದು ಜನ ಕೇಳಿದ್ದರಿಂದ ಇದನ್ನು ಬರೆಯುತ್ತಿದ್ದೇನೆ.

ಮೊದಲು ದುಡ್ಡಿನ ಲೆಕ್ಕ. 2018ರಲ್ಲಿ 150-600 ಮಿಲಿಮೀಟರಿನ ಆ ಟೆಲಿ ಲೆನ್ಸ್ ಕೊಂಡಾಗ ತೊಂಬತ್ತೆರಡು ಸಾವಿರ ಕೊಟ್ಟ ನೆನಪು. ಮೂರು ವರ್ಷಗಳಲ್ಲಿ ಕಬಿನಿ ಕಡೆಗೆ, ಬಹುಪಾಲು ಸಫಾರಿ ಹೊರಡುವ ದಮ್ಮನಕಟ್ಟೆಗೆ, ಹದಿನಾಲ್ಕು ಬಾರಿ ಹೋಗಿದ್ದೇನೆ. ಪೆಟ್ರೋಲು, ಸಫಾರಿ, ಕ್ಯಾಮೆರಾ ಶುಲ್ಕ, ಉಳಿದುಕೊಳ್ಳುವುದು ಎಲ್ಲ ಸೇರಿ ಒಂದು ಸಲಕ್ಕೆ ಆರರಿಂದ ಏಳು ಸಾವಿರ. ಹುಲಿ ಕಂಡದ್ದು ಮೂರು ಸಲ. ಅದರಲ್ಲಿ ಎರಡು ಸಲ ಬೆನ್ನು ಮಾತ್ರ. ಉಳಿದ ಒಂದು ಚಿತ್ರವನ್ನು ಅದೇ ಬೆಳಿಗ್ಗೆ ಪಕ್ಕದ ಜೀಪುಗಳ ಇಪ್ಪತ್ತು ಜನ ತೆಗೆದಿದ್ದರು. ಖರ್ಚಿಗಿಂತ ನನ್ನನ್ನು ಕಾಡಿದ್ದು ಹಿಂದಿರುಗುವಾಗಿನ ಮನಸ್ಸು. ಮೈಸೂರು ತಲುಪುವ ತನಕ ಯಾರೊಂದಿಗೂ ಮಾತು ಬೇಡವಾಗುತ್ತಿತ್ತು. ಕಾಡಿನ ಆ ಹಸಿರು, ಹಿನ್ನೀರು, ಮಂಜು ಯಾವುದೂ ಲೆಕ್ಕಕ್ಕೆ ಬರುತ್ತಿರಲಿಲ್ಲ. ಹುಲಿ ಬಂತೇ ಇಲ್ಲವೇ, ಅಷ್ಟೇ.

2021ರ ನವೆಂಬರಿನಲ್ಲಿ ಅಂಥದೊಂದು ಬರಿಗೈ ಸಫಾರಿಯಿಂದ ಬಂದು, ಊಟ ಬೇಡವೆಂದು ನಡುಮನೆಯಲ್ಲಿ ಕುಳಿತಿದ್ದೆ. ಅಮ್ಮ ಎದುರಿಗೆ ಮೊರದಲ್ಲಿ ಅಕ್ಕಿ ಕೇರುತ್ತಿದ್ದಳು. ಗಾಜಿನ ಹೆಂಚಿನಿಂದ ಇಳಿದ ಬಿಸಿಲುಕೋಲಿನೊಳಗೆ ತೌಡಿನ ಧೂಳು ಏಳುತ್ತಾ ಸುತ್ತುತ್ತಾ ಇತ್ತು. ನಲವತ್ತು ವರ್ಷದಿಂದ ಆ ಮನೆಯಲ್ಲಿದ್ದೇನೆ, ಆವತ್ತು ಅದನ್ನು ಮೊದಲ ಬಾರಿಗೆ ನೋಡಿದೆ. ಬ್ಯಾಗಿನಿಂದ ಕ್ಯಾಮೆರಾ ತೆಗೆದರೆ ಅದರಲ್ಲಿ ಇದ್ದದ್ದು ಆ ಟೆಲಿ ಲೆನ್ಸ್! ಹಿಂದೆ ಸರಿಯಲು ಗೋಡೆ ಅಡ್ಡ. ಆ ಚಿತ್ರ ಹೋಯಿತು. ಮುಂದಿನ ತಿಂಗಳು ಲೆನ್ಸನ್ನು ಐವತ್ತೆಂಟು ಸಾವಿರಕ್ಕೆ ಕೊಟ್ಟು, ಕೋಣೆಯೊಳಗೆ ಹೊಂದುವ, ಹನ್ನೆರಡು ಸಾವಿರದ 35 ಎಂಎಂ ಎಫ್ 1.8 ಲೆನ್ಸ್ ತಂದೆ. ಕ್ಯಾಮೆರಾ ಹಳೆಯ ನಿಕಾನ್ ಡಿ7200, ಅದನ್ನು ಬದಲಿಸಲಿಲ್ಲ.

ನಮ್ಮದು ಮೈಸೂರಿನ ಅಗ್ರಹಾರದ ಹಳೆಯ ಹೆಂಚಿನ ಮನೆ. ಹೆಂಚು ಮಂಗಳೂರಿನದು. ಬಾಸೆಲ್ ಮಿಷನ್ 1865ರಲ್ಲಿ ಅಲ್ಲಿ ಕಾರ್ಖಾನೆ ಆರಂಭಿಸಿದ ಮೇಲೆ ನಾಡಿನ ಸೂರುಗಳೆಲ್ಲ ಕೆಂಪಾದವಲ್ಲ, ಆ ಸಾಲಿನದು. ನಡುಮನೆಯ ನಡುವೆ ನೆಲದಲ್ಲಿ ಹೂತ ಒರಳುಕಲ್ಲು ಇದೆ. ಅದರ ನೇರ ಮೇಲೆ ಸುಮಾರು ಹನ್ನೆರಡು ಅಡಿ ಎತ್ತರದಲ್ಲಿ ಒಂದೇ ಒಂದು ಗಾಜಿನ ಹೆಂಚು. ರುಬ್ಬುವವರ ಕೈಗೆ ಬೆಳಕು ಬೀಳಲಿ ಎಂದು ಕಟ್ಟಿದವರು ಅಲ್ಲಿ ಇಟ್ಟಿರಬೇಕು.

ನಾನು ಹಾಕಿಕೊಂಡ ಕಟ್ಟುಪಾಡು ಹೀಗಿತ್ತು: ಆ ಬಿಸಿಲ ತುಂಡು ಬಿದ್ದ ಕಡೆ ಏನಿದೆಯೋ ಅದೇ ವಿಷಯ. ವಸ್ತುವನ್ನು ತಂದು ಇಡುವಂತಿಲ್ಲ, ಯಾರನ್ನೂ ಕೂರಿಸುವಂತಿಲ್ಲ. ದಿನಕ್ಕೆ ಹನ್ನೆರಡು ಫ್ರೇಮಿಗಿಂತ ಹೆಚ್ಚಿಲ್ಲ. ತೆಗೆದದ್ದನ್ನು ಭಾನುವಾರದ ತನಕ ತೆರೆದು ನೋಡುವಂತಿಲ್ಲ. ಈ ಕೊನೆಯದನ್ನು ಗೆಳೆಯರು ಯಾರೂ ಒಪ್ಪಲಿಲ್ಲ. ಆದರೆ ಹಿಂಬದಿಯ ಪರದೆಗೆ ಕಪ್ಪು ಟೇಪು ಅಂಟಿಸಿದ ದಿನದಿಂದ ನನ್ನ ಕಣ್ಣು ಬೆಳಕಿನ ಮೇಲೆ ನಿಂತಿತು, ಇದನ್ನು ಎದೆ ತಟ್ಟಿ ಹೇಳುತ್ತೇನೆ.

ನನ್ನದು ಮೋಟಾರು ರಿವೈಂಡಿಂಗ್ ಅಂಗಡಿ. ಒಂದು ಗಂಟೆಗೆ ಮುಚ್ಚುತ್ತಿದ್ದವನು ಹನ್ನೊಂದೂವರೆಗೇ ಬಾಗಿಲು ಎಳೆಯತೊಡಗಿದೆ. ದಿನಕ್ಕೆ ಇನ್ನೂರು ಮುನ್ನೂರು ರೂಪಾಯಿಯ ಕೆಲಸ ತಪ್ಪಿರಬಹುದು. ಸಂಜೆ ಒಂದು ಗಂಟೆ ಹೆಚ್ಚು ಕುಳಿತು ಅರ್ಧ ತುಂಬಿಕೊಂಡೆ.

ಮೊದಲ ನಾಲ್ಕು ತಿಂಗಳ ಚಿತ್ರಗಳಲ್ಲಿ ಉಳಿಸಿಕೊಳ್ಳುವಂಥವು ಒಂಬತ್ತೋ ಹತ್ತೋ. ಇಡೀ ಫ್ರೇಮಿನ ಬೆಳಕನ್ನು ಒಟ್ಟಿಗೆ ಅಳೆಯುವ ಮ್ಯಾಟ್ರಿಕ್ಸ್ ಮೀಟರಿಂಗಿನಲ್ಲಿ ಕತ್ತಲ ಗೋಡೆಯನ್ನು ನಂಬಿ ಬಿಸಿಲ ತುಂಡನ್ನೆಲ್ಲ ಬೂದುಗುಂಬಳದ ಹೋಳಿನ ಹಾಗೆ ಬಿಳುಚಿಸಿದ್ದೆ. ಸ್ಪಾಟ್‌ಗೆ ಬದಲಿಸಿ, ಅಂದರೆ ಒಂದು ಚುಕ್ಕೆಯಷ್ಟು ಜಾಗವನ್ನಷ್ಟೇ ಅಳೆಯುವಂತೆ ಮಾಡಿ, ಬೆಳಕಿನ ಮೇಲೇ ಅಳೆಯಲು ಆರಂಭಿಸಿದ ಮೇಲೆ ದಾರಿಗೆ ಬಂತು. ನಮ್ಮ ಹೆಂಚಿನ ಬೆಳಕಿಗೆ ಕ್ಯಾಮೆರಾದಲ್ಲಿ ಐಎಸ್‌ಒ 100, ಎಫ್ 4, 1/800 ಸೆಕೆಂಡಿನ ಸುತ್ತಮುತ್ತಲ ಹೊಂದಿಕೆ. ನೆರಳಿನಲ್ಲಿರುವ ಮುಖ ಮುಳುಗುತ್ತದೆ, ಮುಳುಗಲಿ. ಕ್ಯಾಮೆರಾದ ಕಚ್ಚಾ ಕಡತವಾದ ರಾ ಫೈಲಿನಲ್ಲಿ ಎಳೆದು ಮೇಲಕ್ಕೆ ತರುವ ಆಸೆ ಬಿಟ್ಟೆ.

ಇನ್ನೊಂದು ದೊಡ್ಡ ತಪ್ಪು, ಹೆಂಚನ್ನು ತೊಳೆಸಿದ್ದು. ಬೆಳಕು ಹೆಚ್ಚಲಿ ಎಂದು 2022ರ ಮಾರ್ಚ್‌ನಲ್ಲಿ ಆಳು ಹತ್ತಿಸಿ ಉಜ್ಜಿಸಿದೆ. ಮುನ್ನೂರು ರೂಪಾಯಿ ಕೂಲಿ, ಒಡೆದ ಎರಡು ಹೆಂಚಿನ ಬೆಲೆ ಬೇರೆ. ಬೆಳಕೇನೋ ಹೆಚ್ಚಿತು, ಆದರೆ ಅಂಚು ಗಡುಸಾಗಿ, ಮೊದಲಿದ್ದ ಜೇನಿನ ಬಣ್ಣ ಹೋಗಿ, ಬಿಸಿಲು ಟ್ಯೂಬ್‌ಲೈಟಿನ ಹಾಗೆ ಕಾಣತೊಡಗಿತು. ವರ್ಷಗಳ ಹೊಗೆ, ಧೂಳು ಕೊಟ್ಟಿದ್ದ ಆ ಮೃದುತನವನ್ನು ಮರಳಿ ತರಲು ಹಲವು ಪದಾರ್ಥ ಸವರಿ ನೋಡಿದೆ. ಐದನೆಯದು ಹೊಂದಿಕೊಂಡಿತು. ಅದು ಏನೆಂಬುದು ನನ್ನಲ್ಲೇ ಇರಲಿ. ಅಡುಗೆಮನೆಯಲ್ಲೇ ಇರುವ ಪದಾರ್ಥ ಎಂದಷ್ಟು ಹೇಳಬಲ್ಲೆ.

ಬಿಸಿಲಿನ ಹಿಂದೆ ಬಿದ್ದಾಗ ತಿಳಿದ ಸಂಗತಿ ನನ್ನನ್ನು ಪೂರ್ತಿ ಹಿಡಿದುಕೊಂಡಿತು. ಬಿಸಿಲ ತುಂಡು ಗಂಟೆಗೆ ಸುಮಾರು ಮೂರಡಿಯಂತೆ ಪಡುವಣ ಗೋಡೆಯ ಕಡೆಯಿಂದ ಮೂಡಣಕ್ಕೆ ಸರಿಯುತ್ತದೆ. ಅದಲ್ಲದೆ ವರ್ಷವಿಡೀ ಉತ್ತರ ದಕ್ಷಿಣವಾಗಿಯೂ ಓಡಾಡುತ್ತದೆ. ನಾನು ನೆಲದ ಮೇಲೆ ಸೀಮೆಸುಣ್ಣದಿಂದ ವಾರಕ್ಕೊಂದು ಗುರುತು ಹಾಕುತ್ತಾ ಹೋದೆ. ಡಿಸೆಂಬರ್ ಕೊನೆಯಲ್ಲಿ ನಡುಹಗಲಿನ ಗುರುತು ಒರಳಿನಿಂದ ಎಂಟೂವರೆ ಅಡಿ ಉತ್ತರಕ್ಕೆ, ದೇವರ ಕೋಣೆಯ ಹೊಸ್ತಿಲ ಮೇಲೆ. ಜೂನ್‌ನಲ್ಲಿ ಮೋಡ ಸರಿದ ಒಂದೆರಡು ದಿನ ಸಿಕ್ಕ ಗುರುತು ದಕ್ಷಿಣಕ್ಕೆ ಎರಡೂಕಾಲು ಅಡಿ. ಹಾಗಾದರೆ ನಡುವೆ ಎರಡು ಬಾರಿ ಅದು ಒರಳನ್ನು ದಾಟಲೇಬೇಕು. ಸೂರ್ಯ ನೆತ್ತಿಯ ಮೇಲೆ ನೇರ ಬರುವ ಶೂನ್ಯ ನೆರಳಿನ ದಿನಗಳವು. ಬೆಂಗಳೂರಿಗೆ ಏಪ್ರಿಲ್ 24, ಆಗಸ್ಟ್ 18ರ ಹೊತ್ತಿಗೆ. ನಾವು ಸ್ವಲ್ಪ ದಕ್ಷಿಣದವರು, ನಮಗೆ ಏಪ್ರಿಲ್ 22, ಆಗಸ್ಟ್ 20ರ ಆಸುಪಾಸು. ಗಡಿಯಾರದಲ್ಲಿ ಏಪ್ರಿಲ್‌ನ ನಡುಹಗಲು ಎಂದರೆ ಹನ್ನೆರಡು ಗಂಟೆ ಇಪ್ಪತ್ತೆರಡು ನಿಮಿಷ.

ಹೊಸ್ತಿಲ ಮೇಲೆ ಬಿಸಿಲು ಬೀಳುವ ಧನುರ್ಮಾಸದ ಚಿತ್ರಗಳು ನನಗೆ ಈಗಲೂ ಇಷ್ಟ. ಒದ್ದೆ ರಂಗೋಲಿ, ಅರಿಶಿನದ ಬೆರಳಿನ ಗುರುತು, ಹೊಸ್ತಿಲು ದಾಟುವ ಹೆಂಡತಿಯ ಹಿಮ್ಮಡಿ. ಫೆಬ್ರುವರಿಯಲ್ಲಿ ಅದು ಈಳಿಗೆಮಣೆಯ ಹತ್ತಿರ ಬಂತು. ಹುರುಳಿಕಾಯಿಯ ನಾರು ಬಿಸಿಲಿನಲ್ಲಿ ಬೆಳ್ಳಿಯ ಎಳೆಯಂತೆ ಕಾಣುತ್ತದೆಂದು ನನಗೆ ಎಲ್ಲಿ ಗೊತ್ತಿತ್ತು? ಸಾಂಬ್ರಾಣಿ ಹಾಕಿದ ದಿನ ಕೋಲು ಕಂಬವೇ ಆಗುತ್ತಿತ್ತು. ಇಂಥ ದಿನಗಳಲ್ಲಿ ಎಷ್ಟೋ ಸಲ ಕ್ಯಾಮೆರಾ ತೊಡೆಯ ಮೇಲೇ ಉಳಿದಿದೆ. ಬಿಸಿಲು ಬಂದು, ನೀರಿನ ಚೊಂಬಿನ ಮೇಲೆ ಹತ್ತು ನಿಮಿಷ ನಿಂತು, ಇಳಿದು ಹೋಗುತ್ತಿತ್ತು. ನಾನು ಊಟಕ್ಕೆ ಏಳುತ್ತಿದ್ದೆ. ಅಂದು ಕಾಡಿನಿಂದ ಹೊತ್ತು ತರುತ್ತಿದ್ದ ಕಹಿ ಒಂದು ದಿನವೂ ನನ್ನ ಬಳಿ ಸುಳಿಯಲಿಲ್ಲ. ಗುಂಡಿ ಒತ್ತದ ಮಧ್ಯಾಹ್ನವೂ ತುಂಬಿದ ಮಧ್ಯಾಹ್ನವೇ ಆಗಿತ್ತು.

ಮನೆಯೊಳಗೆ ಎಂಥ ಚಿತ್ರ ಎನ್ನುವವರಿಗೆ ನಮ್ಮೂರಿನ ಛಾಯಾಚಿತ್ರ ಪತ್ರಕರ್ತ ಟಿ.ಎಸ್. ಸತ್ಯನ್ ಅವರನ್ನು ನೆನಪಿಸುತ್ತೇನೆ. ದೇಶವೆಲ್ಲ ಸುತ್ತಿದವರು, 1977ರಲ್ಲಿ ಪದ್ಮಶ್ರೀ ಪಡೆದವರು. ಕ್ಯಾಮೆರಾ ತಿರುಗಿಸಿದ್ದು ಮಾತ್ರ ಸಾಮಾನ್ಯ ಜನರ ದಿನನಿತ್ಯದ ಕಡೆಗೆ, ಮಕ್ಕಳ ಕಡೆಗೆ. ಆ ಕಣ್ಣು ನನಗೆ ಬಂದಿದೆ ಎನ್ನುತ್ತಿಲ್ಲ. ದಾರಿ ಅಲ್ಲಿತ್ತು.

ನಡುವೆ ಅಡ್ಡದಾರಿಗಳನ್ನೂ ಹಿಡಿದೆ. ಇಲ್‌ಫೋರ್ಡ್ ಎಚ್‌ಪಿ5 ಕಪ್ಪುಬಿಳುಪು ಫಿಲ್ಮ್ ನಾಲ್ಕು ರೋಲು ತರಿಸಿ, ಡಿ-76 ಎಂಬ ಡೆವಲಪರ್ ದ್ರಾವಣದಲ್ಲಿ ಬಚ್ಚಲುಮನೆಯಲ್ಲೇ ತೊಳೆದೆ. ಇಪ್ಪತ್ತು ಡಿಗ್ರಿಗೆ ಏಳೂವರೆ ನಿಮಿಷ ಎಂದು ಲೆಕ್ಕ. ನಮ್ಮ ನಲ್ಲಿಯ ನೀರು ಏಪ್ರಿಲ್‌ನಲ್ಲಿ ಇಪ್ಪತ್ತೇಳು. ಮೊದಲ ರೋಲು ಕಲ್ಲಿದ್ದಲಿನಂತಾಯಿತು. ಎರಡನೆಯದಕ್ಕೆ ಪಾತ್ರೆಯಲ್ಲಿ ಐಸ್ ಇಟ್ಟು ತಣಿಸಿದೆ, ಸರಿಹೋಯಿತು. ಆದರೆ ಎರಡು ಸಾವಿರಕ್ಕೂ ಹೆಚ್ಚು ಖರ್ಚಾಗಿ ಕೈಗೆ ಬಂದದ್ದು ಮೂರು ಚಿತ್ರ, ಅಲ್ಲಿಗೆ ನಿಲ್ಲಿಸಿದೆ. ಬಿಸಿಲಿನ ನೇರಳಾತೀತ ಕಿರಣದಿಂದ ನೀಲಿ ಚಿತ್ರ ಮೂಡಿಸುವ ಸಯನೋಟೈಪ್ ಮಾತ್ರ ಇಂದಿಗೂ ಬಿಟ್ಟಿಲ್ಲ. ರಾಸಾಯನಿಕ ಬಳಿದ ಕಾಗದದ ಮೇಲೆ ಕರಿಬೇವಿನ ಎಸಳಿಟ್ಟು ಹಿತ್ತಿಲ ಬಿಸಿಲಿಗೆ ಹಿಡಿದರೆ ಮಾರ್ಚ್‌ನಲ್ಲಿ ಎಂಟು ನಿಮಿಷ ಸಾಕು. ಅದೇ ಕಾಗದವನ್ನು ನಡುಮನೆಯ ಬಿಸಿಲ ತುಂಡಿನ ಕೆಳಗಿಟ್ಟರೆ ಅರ್ಧ ಗಂಟೆಯಾದರೂ ನೀಲಿ ಪೇಲವ. ಗಾಜು ನೇರಳಾತೀತ ಕಿರಣವನ್ನು ಎಷ್ಟು ನುಂಗುತ್ತದೆ ಎಂಬುದು ಹೀಗೆ ಕಣ್ಣಿಗೆ ಕಂಡಿತು. ಬಿಸಿಲೇ ಸರಿದುಹೋಗುವುದರಿಂದ ಕಾಗದವನ್ನು ಅದರ ಜೊತೆ ಸರಿಸುತ್ತಾ ಕೂರಬೇಕು. ನನ್ನ ಮಗಳಿಗೆ ಆ ಕೆಲಸ ಬಹಳ ಹಿಡಿಸಿತು.

ಇನ್ನು ಒರಳಿನ ಚಿತ್ರ. ಬಿಸಿಲು ಒರಳ ಗುಳಿಯನ್ನು ಮುಟ್ಟುವುದು ಏಪ್ರಿಲ್‌ನಲ್ಲಿ ಹತ್ತು ಹನ್ನೆರಡು ದಿನ ಮಾತ್ರ. 2022ರ ಏಪ್ರಿಲ್‌ನಲ್ಲಿ ತೊಳೆದ ಹೆಂಚಿನ ಬೆಳಕು ಎಲ್ಲವನ್ನೂ ಸುಟ್ಟುಹಾಕಿತು. ಆಗಸ್ಟ್‌ನಲ್ಲಿ ಹನ್ನೊಂದು ದಿನ ಕಾದೆ, ಮೋಡ ಸರಿಯಲಿಲ್ಲ. ಬಳಗದಲ್ಲಿ ಇದನ್ನು ಹೇಳಿದಾಗ, "ಒಂದು ಎಲ್‌ಇಡಿ ತೂಗುಹಾಕಿ ತೆಗೆದುಬಿಡಿ" ಎಂಬ ಸಲಹೆ ಬಂತು. ಎಂಟು ತಿಂಗಳು ಕಾಯುವುದು ನನಗೆ ಕಷ್ಟವೆನಿಸಲಿಲ್ಲ. ಹುಲಿಯಂತಲ್ಲ, ಬಿಸಿಲು ಬಂದೇ ಬರುತ್ತದೆ.

2023ರ ಏಪ್ರಿಲ್ 22, ಶನಿವಾರ, ಅಕ್ಷಯ ತದಿಗೆ. ಹಬ್ಬದ ಆಂಬೊಡೆಗೆ ಕಡಲೆಬೇಳೆಯನ್ನು ಅಮ್ಮ ಮಿಕ್ಸಿಗೆ ಹಾಕುವುದಿಲ್ಲ, ಒರಳಿನಲ್ಲಿ ತರಿತರಿಯಾಗಿಯೇ ಆಗಬೇಕು. ಹನ್ನೆರಡೂಕಾಲಿಗೆ ಗುಂಡುಕಲ್ಲು ಪಕ್ಕಕ್ಕಿಟ್ಟು ಗುಳಿಗೆ ನೀರು ಸುರಿದು ತೊಳೆಯತೊಡಗಿದಳು. ನಾನು ಕಂಬಕ್ಕೆ ಒರಗಿ ಕುಳಿತಿದ್ದೆ. ಬಿಸಿಲು ನೆಟ್ಟಗೆ ನೀರಿನೊಳಗೆ ಇಳಿಯಿತು. ನೀರು ಅಲುಗಿದ ಕೂಡಲೇ ಬೆಳಕು ಕೆಳಗಿನಿಂದ ಮೇಲಕ್ಕೆದ್ದು ಅಮ್ಮನ ಗಲ್ಲ, ಕೆನ್ನೆ, ಮೂಗುಬೊಟ್ಟಿನ ಮೇಲೆ ಬಲೆ ಬಲೆಯಾಗಿ ಓಡಾಡಿತು. ಎಂಬತ್ತರ ಆ ಮುಖದ ಸುಕ್ಕುಗಳೂ ನೀರಿನ ಅಲೆಗಳೂ ಬೇರೆಬೇರೆಯಾಗಿ ಕಾಣಲಿಲ್ಲ. ಈ ಬಾರಿ ಬಿಸಿಲನ್ನು ಬಿಟ್ಟು ಅವಳ ಕೆನ್ನೆಯ ಮೇಲೆ ಅಳೆದಿದ್ದೆ: ಐಎಸ್‌ಒ 1600, ಎಫ್ 2.8, 1/250. ಏಳು ಫ್ರೇಮ್ ತೆಗೆದೆ. ಅವಳ ದೃಷ್ಟಿ ನನ್ನ ಕಡೆ ತಿರುಗದಂತೆ ಹೇಗೆ ನೋಡಿಕೊಂಡೆ ಎಂಬುದು ಇನ್ನೊಂದು ಗುಟ್ಟು.

ಅದರಲ್ಲಿ ನಾಲ್ಕನೆಯದು ಆಮೇಲೆ ಸಲೂನ್ ಎಂದು ಕರೆಯುವ ಐದು ಛಾಯಾಚಿತ್ರ ಸ್ಪರ್ಧೆಗಳಲ್ಲಿ ಆಯ್ಕೆಯಾಗಿ ಎರಡು ಪದಕ ತಂದಿತು. ನೂರೈವತ್ತು ರೂಪಾಯಿ ಕೊಟ್ಟು 12x18ರ ಪ್ರಿಂಟ್ ಹಾಕಿಸಿ ಅಂಗಡಿಯಲ್ಲಿ ತೂಗುಹಾಕಿದ್ದೇನೆ. ಆವತ್ತು ಮಾತ್ರ ಅದನ್ನು ನೋಡಲು ಮರುದಿನದ ತನಕ ಕಾಯಬೇಕಿತ್ತು, ಟೇಪು ಕೀಳಲಿಲ್ಲ. ಬಿಸಿಲು ಒರಳಿನ ಅಂಚು ದಾಟುತ್ತಿದ್ದಂತೆ ಅಮ್ಮ ನೀರು ಬಳಿದು ತೆಗೆದು, ತಲೆಯೆತ್ತಿ, "ಆಯಿತೇನಪ್ಪ? ಹಾಗಾದರೆ ಆ ಬೇಳೆಯ ಪಾತ್ರೆ ಇತ್ತ ಕೊಡು" ಎಂದಳು.